ಸುಂಕದ ಕಟ್ಟೆಯ ಕಾದಂಬರಿಕಾರ

ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್ ಎಂದರೆ ಎಲ್ಲರಿಗೂ ‘ಮೊಬಿ ಡಿಕ್’ ಕಾದಂಬರಿಯ ತಿಮಿಂಗಿಲ. ನನ್ನನ್ನು ಕಾಡುವುದು ಮಾತ್ರ ಅವನ ಬದುಕಿನ ಒಣ ಭಾಗ: 1866ರಿಂದ 1885ರವರೆಗೆ ನ್ಯೂಯಾರ್ಕ್ ಬಂದರಿನಲ್ಲಿ, ದಿನಕ್ಕೆ 4 ಡಾಲರ್ ಸಂಬಳಕ್ಕೆ, ಆತ ಸುಂಕದ ಇನ್‌ಸ್ಪೆಕ್ಟರ್ ಆಗಿ ದುಡಿದ ವರ್ಷಗಳು.

1841ರಲ್ಲಿ ತಿಮಿಂಗಿಲ ಬೇಟೆಯ ಹಡಗನ್ನು ಹತ್ತಿ, ಮರುವರ್ಷ ಪೆಸಿಫಿಕ್ ಸಾಗರದ ಮಾರ್ಕ್ವೆಸಾಸ್ ದ್ವೀಪಗಳಲ್ಲಿ ಅದರಿಂದ ತಪ್ಪಿಸಿಕೊಂಡು ಓಡಿದವನು ಈತ. ಆ ಸಾಹಸದ ಮೇಲೆ ಬರೆದ ‘ಟೈಪೀ’ 1846ರಲ್ಲಿ ಹೆಸರು ತಂದುಕೊಟ್ಟಿತು. 1851ರ ‘ಮೊಬಿ ಡಿಕ್’ ಆ ಹೆಸರನ್ನು ಉಳಿಸಲಿಲ್ಲ. ಕಾಲಕ್ಕೆ ಮುಂಚೆ ಹುಟ್ಟಿದ ಪ್ರತಿಭೆ ಎಂಬ ವಿವರಣೆ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಮೊದಲು ಹೊರಬಂದ ಲಂಡನ್ ಆವೃತ್ತಿಯಲ್ಲಿ ಉಪಸಂಹಾರವೇ ಬಿಟ್ಟುಹೋಗಿತ್ತು! ಕಥೆ ಹೇಳುವ ನಾವಿಕ ಇಶ್ಮೇಲ್ ಬದುಕಿ ಉಳಿದದ್ದು ಹೇಗೆಂದು ತಿಳಿಸುವ ಪುಟ ಅದು. ಹಡಗಿನೊಡನೆ ಎಲ್ಲರೂ ಮುಳುಗಿದ ಮೇಲೆ ಕಥೆ ಹೇಳುತ್ತಿರುವವನು ಯಾರು ಎಂದು ಅಲ್ಲಿನ ವಿಮರ್ಶಕರು ಹಂಗಿಸಿದರು. ಸಾಲದ್ದಕ್ಕೆ 1853ರಲ್ಲಿ ಅಮೆರಿಕದ ಪ್ರಕಾಶಕರಾದ ಹಾರ್ಪರ್ ಸಂಸ್ಥೆಗೆ ಬೆಂಕಿ ಬಿದ್ದು, ಉಳಿದಿದ್ದ ಪ್ರತಿಗಳ ಬಹುಪಾಲು ಸುಟ್ಟುಹೋಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎನ್ನುತ್ತೇವೆ. ಇಲ್ಲಿ ಸುಂಕದವನಿಗೇ ಹೇಳಿಕೊಳ್ಳಲು ಯಾರೂ ಇರಲಿಲ್ಲ. 1867ರಲ್ಲಿ ಹಿರಿಯ ಮಗ ಮಾಲ್ಕಮ್ ಮನೆಯಲ್ಲೇ ಗುಂಡೇಟಿನಿಂದ ಸತ್ತ. ಅಪ್ಪ ಕೆಲಸಕ್ಕೆ ಹೋಗುತ್ತಲೇ ಇದ್ದ, ಬರೆಯುತ್ತಲೂ ಇದ್ದ. ಸುಮಾರು 18,000 ಸಾಲುಗಳ ‘ಕ್ಲಾರೆಲ್’ ಕಾವ್ಯ 1876ರಲ್ಲಿ ಸೋದರಮಾವ ಕೊಟ್ಟ ಹಣದಿಂದ ಅಚ್ಚಾಯಿತು. ಮೂರು ವರ್ಷಗಳಲ್ಲಿ ಮಿಕ್ಕ ಪ್ರತಿಗಳು ರದ್ದಿಗೆ ಹೋದವು. (ಅದನ್ನು ಪೂರ್ತಿ ಓದಿದ್ದೇನೆ ಎಂದು ಜಂಬ ಕೊಚ್ಚಲಾರೆ.) 1891ರಲ್ಲಿ ಆತ ತೀರಿಕೊಂಡಾಗ ‘ಬಿಲ್ಲಿ ಬಡ್’ ಎಂಬ ಕಿರುಕಾದಂಬರಿ ಇನ್ನೂ ಹಸ್ತಪ್ರತಿ. ಓದುಗರಿಲ್ಲ ಎಂದು ಗೊತ್ತಿದ್ದೂ ತಿದ್ದುತ್ತಾ ಕೂತವನ ಆ ಹಟಕ್ಕೆ ನಾನು ಸೋತಿದ್ದೇನೆ.

ಜನ್ಮಶತಮಾನೋತ್ಸವದ ಹೊತ್ತಿಗೆ ಗಾಳಿ ತಿರುಗಿತು. ರೇಮಂಡ್ ವೀವರ್ 1921ರಲ್ಲಿ ಜೀವನಚರಿತ್ರೆ ಬರೆದರು, 1924ರಲ್ಲಿ ‘ಬಿಲ್ಲಿ ಬಡ್’ ಅಚ್ಚು ಕಂಡಿತು. ಈಗ ಪಳೆಯುಳಿಕೆಯಾಗಿ ಸಿಕ್ಕ ದೈತ್ಯ ತಿಮಿಂಗಿಲವೊಂದಕ್ಕೂ ಅವನ ಹೆಸರೇ.

ಹೊಸದಾಗಿ ಓದುವವರಿಗೆ ನನ್ನ ಸಲಹೆ: 1853ರ ‘ಬಾರ್ಟಲ್‌ಬಿ’ಯಿಂದ ಶುರುಮಾಡಿ. ವಾಲ್ ಸ್ಟ್ರೀಟಿನ ವಕೀಲರ ಕಚೇರಿಯಲ್ಲಿ ನಕಲು ಮಾಡುವ ಗುಮಾಸ್ತನೊಬ್ಬ, ಕೆಲಸ ಹೇಳಿದರೆ, ಮಾಡದಿರುವುದೇ ತನಗಿಷ್ಟ ಎಂದು ಸೌಜನ್ಯದಿಂದ ತಿಳಿಸುತ್ತಾನೆ. ಕಚೇರಿಯಲ್ಲಿ ದುಡಿದ ಯಾರಿಗೂ ಟಿಪ್ಪಣಿ ಬೇಕಾಗುವುದಿಲ್ಲ. ಆಮೇಲೆ ‘ಮೊಬಿ ಡಿಕ್’ ಹಿಡಿಯಿರಿ. ತಿಮಿಂಗಿಲದ ತಲೆ, ಚರ್ಬಿ, ಬಾಲಗಳ ಅಧ್ಯಾಯಗಳನ್ನು ದಯವಿಟ್ಟು ಹಾರಿಸಬೇಡಿ. ಮೆಲ್ವಿಲ್ ಅತಿ ಹೆಚ್ಚು ನಗುವುದು ಅಲ್ಲೇ.