ಮಾಕುಟ್ಟ ಘಾಟಿಯಲ್ಲಿ ತಿರುಗದ ಕೀ

ಕಣ್ಣೂರು ಏರ್‌ಪೋರ್ಟ್‌ನ ರಿಟರ್ನ್ ಪಿಕಪ್ ಬಿಟ್ಟು ಖಾಲಿ ಗಾಡಿ ತಂದೆ ಅಂತ ನಮ್ಮ ಟ್ಯಾಕ್ಸಿ ಆಫೀಸಿನವರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಇರಲಿ. ಅಂಥದ್ದೇ ಸಂದರ್ಭ ಬಂದರೆ ಮತ್ತೆ ಹಾಗೆಯೇ ಮಾಡುತ್ತೇನೆ. ಯಾಕೆ ಅಂತ ಪೂರ್ತಿ ಬರೆದುಬಿಡೋಣ ಅನಿಸಿತು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಸ್ಟ್ಯಾಂಡಿನಲ್ಲಿ ಹಳದಿ ಬೋರ್ಡ್ ಓಡಿಸುವ ಹುಡುಗರಿಗೆ ಇದು ಒಂದು ದಿನ ಬೇಕಾಗುತ್ತದೆ.

ನಮ್ಮ ಕೊಡಗು ಜಿಲ್ಲೆಗೆ ರೈಲಿಲ್ಲ. 2018ರ ಡಿಸೆಂಬರ್‌ನಲ್ಲಿ ಕೇರಳದ ಮಟ್ಟನ್ನೂರಿನ ಹತ್ತಿರ ಕಣ್ಣೂರು ಏರ್‌ಪೋರ್ಟ್ ಶುರುವಾಯಿತು. ಅಲ್ಲಿಂದ ನಮಗೆ ಮಾಕುಟ್ಟ ದಾರಿಯ ಟ್ರಿಪ್ ಜಾಸ್ತಿಯಾಗಿದೆ. ವಿರಾಜಪೇಟೆಯಿಂದ ಸುಮಾರು 60 ಕಿಲೋಮೀಟರ್. ಪೆರುಂಬಾಡಿ ದಾಟಿದ ಮೇಲೆ ಕಾಡು, ತಿರುವು, ಒಂದು ಕಡೆ ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ), ಇನ್ನೊಂದು ಕಡೆ ಕಣಿವೆ. ಅದೇ 2018ರ ಮಳೆಗಾಲದಲ್ಲಿ ಬರೆ ಕುಸಿದು ಈ ರಸ್ತೆ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ಕಾಡಿನೊಳಗೆ ಫೋನ್ ಸಿಗುವುದಿಲ್ಲ. ಗಾಡಿ ನಿಂತರೆ ನೀನೇ ಗತಿ.

ಆ ಏಳು ಸೀಟಿನ ಗಾಡಿಯ ಕೀ ಬಗ್ಗೆ ಟ್ರಿಪ್‌ಶೀಟಿನಲ್ಲಿ ಎಲ್ಲ ಡ್ರೈವರ್‌ಗಳೂ ಬರೆದಿದ್ದರು. 'ಬೆಳಿಗ್ಗೆ ಕೀ ಬಿಗಿ.' ನಾನೂ ಬರೆದಿದ್ದೆ. ಆಫೀಸಿನಿಂದ ಬರುತ್ತಿದ್ದ ಉತ್ತರ ಯಾವಾಗಲೂ ಒಂದೇ: 'ಮಧ್ಯಾಹ್ನ ನಾನೇ ತಿರುಗಿಸಿ ನೋಡಿದೆ, ಸರಿಯಾಗಿದೆಯಲ್ಲ.' ಅವರು ಹೇಳಿದ್ದು ಸುಳ್ಳಲ್ಲ. ಮಧ್ಯಾಹ್ನ ಅದು ನಿಜಕ್ಕೂ ಸರಿಯಾಗಿಯೇ ತಿರುಗುತ್ತಿತ್ತು. ಬೆಳಿಗ್ಗೆ ಮಾತ್ರ ಯಾಕೆ ಬಿಗಿ ಅಂತ ಯಾರೂ ಯೋಚಿಸಲಿಲ್ಲ.

ಡಿಸೆಂಬರ್ ತಿಂಗಳು. ಮಂಜು ದಟ್ಟವಾಗಿತ್ತು. ವಯಸ್ಸಾದ ಗಂಡ ಹೆಂಡತಿ, ಅವರ ಮಗಳು, ಅಳಿಯ. ಮಡಿಕೇರಿಯ ಹೋಂಸ್ಟೇಯಿಂದ ಕತ್ತಲಿದ್ದಾಗಲೇ ಹೊರಟೆವು. ಸ್ಟಾರ್ಟ್ ಮಾಡುವಾಗಲೇ ಕೀ ತಕರಾರು ಮಾಡಿತ್ತು. ಪೆರುಂಬಾಡಿ ದಾಟಿ ಇಳಿಜಾರು ಶುರುವಾಗುತ್ತಿದ್ದಂತೆ ಅಜ್ಜಿಗೆ ವಾಂತಿ ಬಂತು. ತಿರುವು ಮುಗಿದು ಸ್ವಲ್ಪ ಅಗಲ ಇರುವ ಕಡೆ ನಿಲ್ಲಿಸಿದೆ. ಚಕ್ರ ಬರೆಯ ಕಡೆಗೆ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಿವರ್ಸ್ ಗೇರ್ ಹಾಕಿ, ಆಫ್ ಮಾಡಿದೆ. ಅಜ್ಜಿಯ ಮಾತ್ರೆ ಹಿಂದಿನ ಬ್ಯಾಗಿನಲ್ಲಿತ್ತು. ರಿಮೋಟ್ ಯಾವತ್ತೋ ಕೆಟ್ಟಿದೆ. ಡಿಕ್ಕಿ ತೆಗೆಯಬೇಕಾದರೆ ಕೀ ಎಳೆಯಲೇಬೇಕು. ಎಳೆದೆ.

ಅವರಿಗೆ ನೀರು ಕೊಟ್ಟು, ಮಾತ್ರೆ ಕೊಟ್ಟು, ಎಲ್ಲರನ್ನೂ ಕೂರಿಸಿ ಕೀ ಹಾಕಿದರೆ ತಿರುಗಲಿಲ್ಲ. ಸ್ವಲ್ಪವೂ ಅಲುಗಲಿಲ್ಲ.

ಇಂಥ ಹೊತ್ತಿನಲ್ಲಿ ಕೈಗೆ ತಾನಾಗಿ ಬಲ ಬರುತ್ತದೆ. ಅದನ್ನು ತಡೆಯುವುದೇ ಕಷ್ಟ. ಕೀ ತುಂಡಾದರೆ ಮುಂದೆ ಏನೂ ಇಲ್ಲ. ನಾನು ಕೀ ಬಿಟ್ಟು ಸ್ಟೀರಿಂಗ್ ಹಿಡಿದೆ. ಅದು ಕಲ್ಲಿನ ಹಾಗೆ ಕೂತಿತ್ತು. ಇಳಿದು ನೋಡಿದರೆ ಎಡಗಡೆಯ ಮುಂದಿನ ಚಕ್ರ ಚರಂಡಿ ಅಂಚಿನ ಕಲ್ಲಿಗೆ ಒತ್ತಿಕೊಂಡಿತ್ತು. ವಿಷಯ ಗೊತ್ತಾಯಿತು. ಕೀ ಎಳೆದಾಗ ಸ್ಟೀರಿಂಗ್ ಲಾಕಿನ ಒಂದು ಕಬ್ಬಿಣದ ಪಿನ್ ಹೊರಗೆ ಬಂದು ಸ್ಟೀರಿಂಗ್ ಕಂಬದ ಕಚ್ಚಿನಲ್ಲಿ ಕೂರುತ್ತದೆ. ಚಕ್ರ ಕಲ್ಲಿಗೋ ಕಟ್ಟೆಗೋ ಒತ್ತಿಕೊಂಡಿದ್ದರೆ ಆ ಭಾರವೆಲ್ಲ ಪಿನ್ ಮೇಲೆ. ಪಿನ್ ಸಡಿಲಾಗದೆ ಕೀ ತಿರುಗುವುದಿಲ್ಲ. ಅಲ್ಲಿ ಕೆಲಸ ಇರುವುದು ಸ್ಟೀರಿಂಗ್ ಹಿಡಿದ ಕೈಗೆ.

ಅಷ್ಟರಲ್ಲಿ ಅಳಿಯ ಟೂಲ್ ಬ್ಯಾಗಿನಿಂದ ಇಕ್ಕಳ ತಂದರು. 'ಇದರಲ್ಲಿ ಹಿಡಿದು ತಿರುಗಿಸಿ' ಎಂದರು. ಗಾಬರಿಯಲ್ಲಿ ಹೇಳಿದ ಮಾತು, ತಪ್ಪು ತಿಳಿಯಲಿಲ್ಲ. ಫ್ಲೈಟ್ ಅವರದು, ಸಮಯ ಓಡುತ್ತಿತ್ತು. ಆದರೆ ಇಕ್ಕಳ ಮುಟ್ಟಲು ಬಿಡಲಿಲ್ಲ.

ಹಿಂದಿನಿಂದ ಒಂದು ಪಿಕಪ್ ವ್ಯಾನ್ ಬಂತು. ಕೇರಳಕ್ಕೆ ಶುಂಠಿ ಒಯ್ಯುತ್ತಿದ್ದವರು. ಇಬ್ಬರು ಇಳಿದು ಬಂದರು. ಒಳ್ಳೆಯ ಜನ. 'ಇಳಿಜಾರೇ ಇದೆ, ತಳ್ಳೋಣ, ಗೇರಿಗೆ ಹಾಕಿ ಸ್ಟಾರ್ಟ್ ಮಾಡಿ' ಎಂದರು. ಅಳಿಯನೂ ಹೌದು ಎಂದರು. ಆಗ ನಾನು ಜೋರಾಗಿಯೇ ಬೇಡ ಎಂದೆ. ಇಗ್ನಿಷನ್ ಆನ್ ಆಗದೆ ತಳ್ಳಿದರೂ ಎಂಜಿನ್ ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಸ್ಟೀರಿಂಗ್ ಲಾಕ್ ಆಗಿದೆ. ಗಾಡಿ ಉರುಳಲು ಶುರುವಾದರೆ ತಿರುಗಿಸಲು ಆಗುವುದಿಲ್ಲ. ಮುಂದಿನ ತಿರುವಿನಲ್ಲಿ ನೇರ ಕಣಿವೆ. ಎಂಜಿನ್ ಓಡದಿದ್ದರೆ ಬ್ರೇಕ್ ಬೂಸ್ಟರ್‌ಗೂ ಗಾಳಿಯ ಎಳೆತ ಸಿಗುವುದಿಲ್ಲ. ಉಳಿದದ್ದು ಒಂದೆರಡು ಒತ್ತಿಗೆ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಇದನ್ನು ಅವರಿಗೆ ನಿಧಾನವಾಗಿ ವಿವರಿಸುವಷ್ಟು ಹೊತ್ತು ಇರಲಿಲ್ಲ. 'ಅಣ್ಣ, ಕೈ ಹಚ್ಚಬೇಡಿ, ಕಲ್ಲು ತನ್ನಿ' ಎಂದೆ. ಪಾಪ, ತಂದರು.

ಎಲ್ಲರನ್ನೂ ಇಳಿಸಿ ಬರೆಯ ಪಕ್ಕ, ಗಾಡಿಯ ಹಿಂದೆ ನಿಲ್ಲಿಸಿದೆ. ಹಜಾರ್ಡ್ ಲೈಟ್ ಹಾಕಿದೆ, ಅದಕ್ಕೆ ಕೀ ಬೇಡ. ತಿರುವಿನ ಹತ್ತಿರ ತ್ರಿಕೋನ ಇಡಿಸಿದೆ. ಚಕ್ರಗಳ ಮುಂದೆ ಕಲ್ಲು ಕೊಟ್ಟೆ. ಆಮೇಲೆ ಕೂತು, ಎಡಗೈಯಲ್ಲಿ ಸ್ಟೀರಿಂಗನ್ನು ಕಲ್ಲಿನ ಕಡೆಗೇ ಎಳೆದು ಹಿಡಿದೆ. ಪಿಕಪ್ಪಿನವರಿಗೆ ಬಾನೆಟ್ ಬದಿಯಿಂದ ಸ್ವಲ್ಪ ಅಲ್ಲಾಡಿಸಲು ಹೇಳಿದೆ. 'ಟಕ್' ಅಂದಿತು. ಸ್ಟೀರಿಂಗ್ ಆಚೆ ಈಚೆ ಒಂದು ಬೆರಳಷ್ಟು ಆಡತೊಡಗಿತು. ಪಿನ್ ಮೇಲಿನ ಭಾರ ಹೋಯಿತು.

ಕೀ ಆಗಲೂ ತಿರುಗಲಿಲ್ಲ.

ಆ ನಿಮಿಷ ನನ್ನ ಬೆನ್ನು ಬೆವರಿದ್ದು ಈಗಲೂ ನೆನಪಿದೆ, ಅಷ್ಟು ಚಳಿಯಲ್ಲಿ. ಕಾರಣ ಸಿಕ್ಕಿತು ಅಂದುಕೊಂಡ ಮೇಲೆ ಅದರ ಹಿಂದೆ ಇನ್ನೊಂದು ಕಾರಣ ಬಂದರೆ ಧೈರ್ಯ ಇಳಿದುಹೋಗುತ್ತದೆ. ಆದರೆ ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಸ್ಟೀರಿಂಗ್ ಆಡುತ್ತಿದೆ, ಕೀ ಆಡುತ್ತಿಲ್ಲ ಎಂದರೆ ತೊಂದರೆ ಬ್ಯಾರೆಲ್ಲಿನೊಳಗೆ, ಅಂದರೆ ಕೀ ಹೋಗಿ ಕೂತು ತಿರುಗುವ ಉರುಳೆಯೊಳಗೆ. ಅಲ್ಲಿ ತೆಳ್ಳಗಿನ ಹಿತ್ತಾಳೆ ವೇಫರ್‌ಗಳು ಸಾಲಾಗಿ ಇರುತ್ತವೆ, ಒಂದೊಂದಕ್ಕೂ ಸಣ್ಣ ಸ್ಪ್ರಿಂಗ್. ಸರಿಯಾದ ಕೀ ಹೋದರೆ ಎಲ್ಲ ಒಂದೇ ಮಟ್ಟಕ್ಕೆ ಬರಬೇಕು. ಒಂದು ಮೇಲೆ ಉಳಿದರೂ ತಿರುಗದು.

ಕೀಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಬಾಯಲ್ಲಿ ಹಬೆ ಊದಿ ಬೆಚ್ಚಗೆ ಮಾಡಿದೆ. ಪೂರ್ತಿ ಒಳಗೆ ಹಾಕಿ ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಮೇಲೆ ಕೆಳಗೆ ಮೆಲ್ಲಗೆ ಅಲ್ಲಾಡಿಸುತ್ತ, ಎರಡೇ ಬೆರಳಿನ ಬಲದಲ್ಲಿ ತಿರುಗಿಸುತ್ತ ಕೂತೆ. ಸವೆದ ಕೀಯ ಹಲ್ಲುಗಳು ವೇಫರ್‌ಗಳಿಗೆ ಸರಿಯಾಗಿ ಹೊಂದುವುದಿಲ್ಲ, ಹಾಗಾಗಿ ಇದು ಕೆಲವು ಸಲ ಕೆಲಸ ಮಾಡುತ್ತದೆ. ಎಷ್ಟು ಹೊತ್ತು ಹಿಡಿಯಿತು ಅಂತ ನೋಡಲಿಲ್ಲ. ಹಿಂದೆ ಅಜ್ಜಿ ದೇವರ ಹೆಸರು ಹೇಳುತ್ತಿದ್ದುದು ಕೇಳುತ್ತಿತ್ತು. ಕೊನೆಗೆ ತಿರುಗಿತು. ಡ್ಯಾಶ್‌ಬೋರ್ಡ್ ದೀಪ ಹತ್ತಿತು. ಶುಂಠಿಯವರು ಚಪ್ಪಾಳೆ ಹೊಡೆದರು.

ಕೂಟುಪುಳ ಸೇತುವೆಯ ಹತ್ತಿರ ನೆಟ್‌ವರ್ಕ್ ಬಂತು. ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಂತೆಯೇ, ಗೋಣಿಕೊಪ್ಪದ ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಹೇಳಿದ್ದು ಎರಡೇ ಮಾತು. 'ಎಂಜಿನ್ ಬೇಕಾದ್ರೆ ಎಸಿಸಿಗೆ ತಂದು ನಿಲ್ಸು. ಲಾಕ್‌ಗೆ ತರ್ಬೇಡ, ಕೀ ಎಳೀಬೇಡ.' ಎಸಿಸಿ ಅಂದರೆ ಲಾಕ್‌ಗೂ ಆನ್‌ಗೂ ನಡುವಿನ ಸ್ಥಾನ, ಎಂಜಿನ್ ನಿಂತಿದ್ದರೂ ರೇಡಿಯೋದಂಥವು ಓಡುತ್ತವೆ. ಕಾರಣವನ್ನೂ ಹೇಳಿದರು. ಬ್ಯಾರೆಲ್ ಹೊರಗೆ ತೆಗೆಯಬೇಕಾದರೆ ಕೀ ಎಸಿಸಿಯಲ್ಲಿರಬೇಕು. ಆಗ ಬದಿಯ ಸಣ್ಣ ತೂತಿನಲ್ಲಿ ಕಡ್ಡಿ ಹಾಕಿ ಪಿನ್ ಒತ್ತಿದರೆ ಬ್ಯಾರೆಲ್ ಜಾರಿ ಬರುತ್ತದೆ. ಕೀ ಲಾಕ್‌ನಲ್ಲೇ ಸಿಕ್ಕಿಕೊಂಡರೆ ಡ್ರಿಲ್ ಹಾಕಿ ಒಡೆಯಬೇಕು. ಇಲ್ಲವೇ ಇಡೀ ಲಾಕ್ ಅಸೆಂಬ್ಲಿ ಬಿಚ್ಚಬೇಕು. ಅದರ ಬೋಲ್ಟ್‌ಗಳ ತಲೆ ಫ್ಯಾಕ್ಟರಿಯಲ್ಲೇ ಮುರಿದುಹೋಗುವ ಹಾಗೆ ಮಾಡಿರುತ್ತಾರೆ, ಕಳ್ಳರು ಬಿಚ್ಚಬಾರದು ಅಂತ. ಅಲ್ಲಿಗೆ ಕೆಲಸವೂ ಖರ್ಚೂ ಎಲ್ಲಿಗೋ ಹೋಗುತ್ತದೆ.

ಏರ್‌ಪೋರ್ಟ್ ತಲುಪಿದೆವು. ಫ್ಲೈಟ್ ಸಿಕ್ಕಿತು. ತಾತ ಕೈ ಹಿಡಿದುಕೊಂಡು ಏನೂ ಹೇಳದೆ ಹೋದರು.

ಆಮೇಲೆ ಆಫೀಸಿನ ಫೋನ್. ರಿಟರ್ನ್ ಪಿಕಪ್ ಇದೆ, ಎರಡು ಗಂಟೆ ಕಾಯಬೇಕು, ಪಾರ್ಕಿಂಗಿಗೆ ಹಾಕಿ, ಬೋರ್ಡ್ ಹಿಡಿದು ಅರೈವಲ್‌ನಲ್ಲಿ ನಿಲ್ಲು. ವಿಷಯ ಹೇಳಿದೆ. 'ಈಗ ತಿರುಗುತ್ತಿದೆಯಾ?' ಅಂತ ಕೇಳಿದರು. ತಿರುಗುತ್ತಿತ್ತು. ಮಟ್ಟನ್ನೂರಿನ ಬಿಸಿಲಿಗೆ ಕೀ ಆನ್‌ನಿಂದ ಎಸಿಸಿಗೆ ನುಣ್ಣಗೆ ಬರುತ್ತಿತ್ತು. ಸುಳ್ಳು ಹೇಳಲಿಲ್ಲ. 'ಮತ್ತೇನು, ಆಫ್ ಮಾಡಿ ಲಾಕ್ ಮಾಡಿಕೊಂಡು ಹೋಗು' ಎಂದರು.

ನನಗೂ ಆಸೆ ಇತ್ತು. ರಿಟರ್ನ್ ಸಿಕ್ಕರೆ ಬಾಟಾ ಸಿಗುತ್ತದೆ. ಖಾಲಿ ಬಂದರೆ ಯಾರಿಗೂ ಲಾಭವಿಲ್ಲ. ಆದರೆ ಕೀ ಎಳೆದು ಲಾಕ್ ಮಾಡಿದ ಮೇಲೆ ಅದು ಮತ್ತೆ ತಿರುಗುತ್ತದೆ ಅಂತ ಹೇಳುವವರು ಯಾರು? ತಿರುಗಿದರೂ ಅದೇ ಘಾಟಿ ಹತ್ತಬೇಕು, ಹೊಸ ಗೆಸ್ಟ್ ಜೊತೆ. ದಾರಿಯಲ್ಲಿ ಯಾರಿಗೋ ವಾಂತಿ ಬಂದರೆ, ಮರ ಬಿದ್ದಿದ್ದರೆ, ಆನೆ ಅಡ್ಡ ನಿಂತಿದ್ದರೆ ಮತ್ತೆ ನಿಲ್ಲಿಸಬೇಕು. ಆಗುವುದಿಲ್ಲ ಎಂದೆ. ಅಲ್ಲೇ ಇದ್ದ ವಿರಾಜಪೇಟೆಯ ಒಬ್ಬ ಡ್ರೈವರ್‌ಗೆ ಆ ಪಿಕಪ್ ಕೊಡಿಸಿದೆ. ಗೆಸ್ಟ್‌ಗೆ ಒಂದು ನಿಮಿಷವೂ ತಡವಾಗಲಿಲ್ಲ. ಆಫೀಸಿನವರು ಫೋನ್ ಇಟ್ಟ ರೀತಿ ಮಾತ್ರ ಮರೆಯುವ ಹಾಗಿರಲಿಲ್ಲ.

ಗೋಣಿಕೊಪ್ಪಕ್ಕೆ ಬಂದು ಎಸಿಸಿಯಲ್ಲಿ ನಿಲ್ಲಿಸಿದೆ. ಮೆಕ್ಯಾನಿಕ್ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಟೀ ಕುಡಿಯಲು ಹೋದರು. ಸುಮ್ನೆ ಹೋದದ್ದಲ್ಲ. ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಉಳಿದ ಚಾರ್ಜ್ ಇಳಿಯಲು ಕೆಲವು ನಿಮಿಷ ಬೇಕು. ಸ್ಟೀರಿಂಗ್ ಹತ್ತಿರ ಕೈ ಹಾಕುವ ಮುಂಚೆ ಕಾಯಲೇಬೇಕು. ಆಮೇಲೆ ಕವರ್ ಬಿಚ್ಚಿ, ಇಮೊಬಿಲೈಸರ್ (ಕೀಯ ಚಿಪ್ ಗುರುತಿಸಿ ಕಳ್ಳತನ ತಡೆಯುವ ಸಾಧನ) ಕಾಯಿಲ್ ಸರಿಸಿ, ಕಡ್ಡಿ ಒತ್ತಿದರು. ಬ್ಯಾರೆಲ್ ಸಲೀಸಾಗಿ ಕೈಗೆ ಬಂತು.

ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ತೆಂಗಿನೆಣ್ಣೆ ವಾಸನೆ.

ಯಾರೋ ಕೀ ಬಿಗಿ ಅಂತ ತೂತಿಗೆ ತೆಂಗಿನೆಣ್ಣೆ ಬಿಟ್ಟಿದ್ದರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಮನೆಗಳಲ್ಲಿ ಡಿಸೆಂಬರ್, ಜನವರಿಯಲ್ಲಿ ಎಣ್ಣೆ ಬಾಟಲಿಯನ್ನು ಬಿಸಿಲಿಗೋ ಒಲೆ ಪಕ್ಕಕ್ಕೋ ಇಡುತ್ತೇವಲ್ವಾ? ಬ್ಯಾರೆಲ್ಲಿನೊಳಗೆ ಪ್ರತಿ ರಾತ್ರಿ ಅದೇ ಆಗುತ್ತಿತ್ತು. ಬೆಳಿಗ್ಗೆ ವೇಫರ್‌ಗಳು ಎಣ್ಣೆಯಲ್ಲಿ ಕಚ್ಚಿಕೊಳ್ಳುತ್ತಿದ್ದವು. ಮಧ್ಯಾಹ್ನ ಕರಗಿ ಬಿಡುತ್ತಿದ್ದವು. ಜೊತೆಗೆ ಕೆಂಪು ಮಣ್ಣಿನ ಧೂಳು ಸೇರಿ ಕಪ್ಪು ಅಂಟಾಗಿತ್ತು. ಎಂಜಿನ್ ಆಯಿಲ್ ಬಿಟ್ಟರೂ ಧೂಳು ಹೀಗೆಯೇ ಹಿಡಿಯುತ್ತದೆ. ಕೀ ತೂತಿಗೆ ಬೇಕಾದದ್ದು ಒಣ ಗ್ರಾಫೈಟ್ ಪುಡಿ. ಅದಿಲ್ಲದಿದ್ದರೆ ಪೆನ್ಸಿಲ್ ಸೀಸವನ್ನು ಕೀಯ ಮೇಲೆ ಉಜ್ಜಿ ಹಾಕಿ ತೆಗೆದರೂ ನಡೆಯುತ್ತದೆ.

ಎರಡನೆಯ ಕಾರಣ ಕೀಯಲ್ಲೇ ಇತ್ತು. ಗಾಡಿಯ ಜೊತೆ ಬಂದ ಕೀ ಯಾವತ್ತೋ ಸವೆದಿದೆ. ಅದನ್ನೇ ಇಟ್ಟು ಡೂಪ್ಲಿಕೇಟ್ ಕಡಿಸಿದ್ದಾರೆ. ಅದು ಸವೆದ ಮೇಲೆ ಅದರಿಂದ ಇನ್ನೊಂದು. ನಕಲು ಮಷಿನ್ ಸವೆತವನ್ನೂ ನಕಲು ಮಾಡುತ್ತದೆ. ನನ್ನ ಕೈಯಲ್ಲಿದ್ದ ಕೀಯ ಹಲ್ಲುಗಳು ಹುಟ್ಟುವಾಗಲೇ ಮೊಂಡು.

ಸರಿಯಾದ ದಾರಿ ಕೀ ಕೋಡ್. ಗಾಡಿ ಹೊಸದಾಗಿ ಬಂದಾಗ ಕೀ ಗೊಂಚಲಿನಲ್ಲಿ ನಂಬರ್ ಇರುವ ಒಂದು ಸಣ್ಣ ಬಿಲ್ಲೆ ಬರುತ್ತದೆ. ಆ ನಂಬರ್ ಇಟ್ಟುಕೊಂಡು ಕಡಿದರೆ ಫ್ಯಾಕ್ಟರಿ ಅಳತೆಯ ಕೀ ಸಿಗುತ್ತದೆ. ನಮ್ಮ ಆಫೀಸಿನಲ್ಲಿ ಯಾವ ಗಾಡಿಯ ಬಿಲ್ಲೆಯೂ ಸಿಗಲಿಲ್ಲ. ಕೊನೆಗೆ ಆರ್‌ಸಿ, ಮಾಲೀಕರ ಗುರುತಿನ ಚೀಟಿ ಕೊಟ್ಟು ಚಾಸಿಸ್ ನಂಬರ್ ಮೇಲೆ ಕೋಡ್ ತೆಗೆಸಿ, ಮೈಸೂರಿನಲ್ಲಿ ಕಡಿಸಿಕೊಂಡು ಬಂದದ್ದು. ಹಳೇ ಕೀಯ ತಲೆಯೊಳಗಿನ ಚಿಪ್ಪನ್ನೇ ಹೊಸದಕ್ಕೆ ಹಾಕಿದೆವು, ಹಾಗಾಗಿ ಪ್ರೋಗ್ರಾಮಿಂಗ್ ಬೇಕಾಗಲಿಲ್ಲ. ಚಿಪ್ ಇಲ್ಲದ ಕೀ ಹಾಕಿದರೆ ಬ್ಯಾರೆಲ್ ತಿರುಗುತ್ತದೆ, ಇಮೊಬಿಲೈಸರ್ ಮಾತ್ರ ಎಂಜಿನ್ ಓಡಲು ಬಿಡುವುದಿಲ್ಲ. ಬ್ಯಾರೆಲ್ ತೊಳೆದು, ಸೋತ ಸ್ಪ್ರಿಂಗ್ ಬದಲಿಸಿ, ಮತ್ತೆ ಅದನ್ನೇ ಕೂರಿಸಿದರು. ಡೋರ್‌ಗಳ ಲಾಕ್ ಮುಟ್ಟಬೇಕಾಗಲಿಲ್ಲ, ಹೊಸ ಲಾಕ್‌ಸೆಟ್ ತರಬೇಕಾಗಲಿಲ್ಲ. ಡ್ರಿಲ್ ಹಾಕಿದ್ದರೆ ಇದ್ಯಾವುದೂ ಉಳಿಯುತ್ತಿರಲಿಲ್ಲ. ಮೆಕ್ಯಾನಿಕ್ ಇದನ್ನೇ ಬಿಲ್ಲಿನ ಹಿಂದೆ ಬರೆದುಕೊಟ್ಟರು. ಆಫೀಸಿಗೆ ಕೊಟ್ಟೆ.

ಆಫೀಸಿನ ಲೆಕ್ಕದಲ್ಲಿ ಕಾಣುವುದು ತಪ್ಪಿದ ರಿಟರ್ನ್ ಒಂದೇ. ಉಳಿದ ಲಾಕ್‌ಸೆಟ್ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಇದರಿಂದ ನನಗೆ ನೋವಾಗುತ್ತದೆ. ಡ್ರೈವರ್ ಟ್ರಿಪ್‌ಶೀಟಿನಲ್ಲಿ ಬರೆಯುವ ಒಂದು ಸಾಲಿಗೆ ಬೆಲೆ ಕೊಟ್ಟಿದ್ದರೆ ಅಜ್ಜಿಯನ್ನು ಚಳಿಯಲ್ಲಿ ಬರೆಯ ಪಕ್ಕ ನಿಲ್ಲಿಸಬೇಕಾಗಿರಲಿಲ್ಲ. 'ಬೆಳಿಗ್ಗೆ ಬಿಗಿ' ಅಂತ ಬರೆದರೆ ಬೆಳಿಗ್ಗೆಯೇ ಬಂದು ನೋಡಬೇಕು. ಮಧ್ಯಾಹ್ನ ನೋಡಿ ಸರಿಯಿದೆ ಎಂದರೆ ಏನು ಪ್ರಯೋಜನ?

ಈಗ ಆ ಗಾಡಿ ಚೆನ್ನಾಗಿದೆ. ಕೋಡ್ ನಂಬರನ್ನು ಮಾಲೀಕರ ಫೈಲಿನಲ್ಲಿ ಬರೆಸಿದ್ದೇನೆ. ಕೋಡ್ ಪ್ರಕಾರ ಕಡಿದ ಇನ್ನೊಂದು ಕೀ ಬೀಗ ಹಾಕಿದ ಡ್ರಾಯರಿನಲ್ಲಿದೆ. ಅದನ್ನು ಓಡಿಸಲು ಕೊಡಬಾರದು, ಮುಂದೆ ನಕಲು ಬೇಕಾದರೆ ಮಾತ್ರ ತೆಗೆಯಬೇಕು ಅಂತ ಒಪ್ಪಿಸಿದ್ದೇನೆ. ಉಳಿದ ಗಾಡಿಗಳ ಕೀ ಸೀಸನ್ ಮುಗಿದ ಮೇಲೆ ನೋಡೋಣ ಎನ್ನುತ್ತಿದ್ದಾರೆ. ಅವುಗಳಲ್ಲಿ ಬಿಳಿ ಸೆಡಾನ್‌ನ ಕೀಯೂ ಬೆಳಿಗ್ಗೆ ಬಿಗಿಯಿದೆ. ಅದು ಸರಿಯಾಗುವ ತನಕ ಮಾಕುಟ್ಟ ಕಡೆಗೆ ಅದನ್ನು ತೆಗೆದುಕೊಂಡು ಹೋಗುವುದಿಲ್ಲ ಅಂತ ಟ್ರಿಪ್‌ಶೀಟಿನಲ್ಲೇ ಬರೆದು ಸಹಿ ಹಾಕಿದ್ದೇನೆ. ಕೆಳಗೆ ಇನ್ನಿಬ್ಬರು ಡ್ರೈವರ್‌ಗಳೂ ಸಹಿ ಹಾಕಿದ್ದಾರೆ.