ಲೂಧಿಯಾನದಲ್ಲಿ ಮೊಂತಿ ಫೆಸ್ತ್, ಬೀಜಿ ತಂದ ತೆನೆ

"ಮಮ್ಮಾ, ಅಜ್ಜಿ ಇಲ್ವಲ್ಲ, ಈ ಸಲ ಹುಲ್ಲು ಮಾಮ ಕಳಿಸ್ತಾರಾ?"

2025ರ ಆಗಸ್ಟ್ 30, ಮೊಂತಿ ಫೆಸ್ತ್ ಅಂದ್ರೆ ಸೆಪ್ಟೆಂಬರ್ 8ರ ಮೊರಿಯೆ ಮಾತೆಯ ಹುಟ್ಟಿದ ಹಬ್ಬ, ಅದಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ ನೊವೆನಾದ ಮೊದಲ ದಿನ, ರಾತ್ರಿ ರೋಜರಿ ಮುಗಿಸಿ ಏಳ್ತಾ ಇದ್ದಾಗ ಮಗಳು ಕೇಳಿದ್ದು. ಹುಲ್ಲು ಅಂದ್ರೆ ತೆನೆ ಮಾರಾಯ್ರೆ. ಅವಳು ಹುಟ್ಟಿದ್ದು ಮುಂಬೈಯಲ್ಲಿ, ಈಗ ಇವರ ಬ್ಯಾಂಕ್ ಟ್ರಾನ್ಸ್‌ಫರ್ ಅಂತ ಲೂಧಿಯಾನದಲ್ಲಿ ಬೆಳೀತಾ ಇದ್ದಾಳೆ, ತೆನೆ ಅಂತ ಅವಳು ನೋಡಿದ್ದು ಲಕೋಟೆಯೊಳಗೆ ಒಣಗಿ ಚಪ್ಪಟೆಯಾಗಿ ಬಂದದ್ದು ಮಾತ್ರ, ಅದನ್ನ ಹುಲ್ಲು ಅನ್ನದೆ ಇನ್ನೆಂತ ಹೇಳ್ತಾಳೆ ಪಾಪ.

ಕಳಿಸ್ತಾ ಇದ್ದದ್ದು ನನ್ನ ಮಮ್ಮಿ. ಎಂಟನೇ ತಾರೀಕು ಪೂಜೆ ಮುಗಿಸಿ ಬಂದು, ಮನೆಯವರಿಗೆಲ್ಲ ಬಡಿಸಿ, ತಾನು ಉಣ್ಣುವ ಮೊದಲೇ ಮುಂಬೈಗೆ ಒಂದು, ಕುವೈತಿಗೆ ಒಂದು, ನಮಗೊಂದು ಅಂತ ಲಕೋಟೆ ತಯಾರು ಮಾಡಿ ಇಡ್ತಾ ಇದ್ರು. ನಮ್ಮ ಉಡುಪಿಯ ಶಿರ್ವ ಕಡೆಯಿಂದ ಸೆಪ್ಟೆಂಬರ್ ಎರಡನೇ ವಾರ ಹೊರಡುವ ಲಕೋಟೆ ಕೈಗೆ ಸ್ವಲ್ಪ ಚುಚ್ಚುತ್ತದೆ ಅಂತ ಪೋಸ್ಟಾಫೀಸಿನವರಿಗೂ ಗೊತ್ತಿತ್ತು. ನಮಗೆ ತಲುಪುವಾಗ ಹಬ್ಬ ಮುಗಿದು ಒಂದು ವಾರ ಆಗಿರ್ತಿತ್ತು, ಬಂದ ದಿನವೇ ನಮ್ಮ ನೊವೆಂ, ಹೊಸ ತೆನೆಯ ಊಟ. ಹೋದ ಕ್ರಿಸ್ಮಸ್ಸಿಗೆ ಮೊದಲು ಅಡ್ವೆಂಟಿನಲ್ಲಿ ಮಮ್ಮಿ ತೀರಿಕೊಂಡ್ರು. ಆಮೇಲೆ ಜಾಗದ ಪಾಲು, ಸಬ್‌ರಿಜಿಸ್ಟ್ರಾರ್ ಆಫೀಸು, ಸಹಿ, ಅಲ್ಲಿ ಮೆಟ್ಟಿಲ ಮೇಲೆ ನಿಂತು ಅಣ್ಣ ಒಂದು ಮಾತು ಹೇಳಿದ, ನಾನು ಒಂದು ಮಾತು ಹೇಳಿದೆ. ಈಗ ನಮ್ಮಿಬ್ಬರ ನಡುವೆ ಇರೋದು ಫ್ಯಾಮಿಲಿ ಗ್ರೂಪಲ್ಲಿ ಬರುವ ಹ್ಯಾಪಿ ಫೀಸ್ಟ್ ಫಾರ್ವರ್ಡ್ ಅಷ್ಟೆ.

ಮಗಳಿಗೆ ಇದೆಲ್ಲ ಹೇಳ್ಲಿಕ್ಕಾಗ್ತದಾ? "ನೋಡುವಾ, ಮಲಗು" ಅಂದೆ.

ಈ ಸಲ ಪಂಜಾಬಲ್ಲಿ ಹಬ್ಬದ ಗೌಜಿಗೆ ಮನಸ್ಸು ಬರುವ ಹಾಗೆಯೂ ಇರ್ಲಿಲ್ಲ. ಸಟ್ಲೆಜ್, ಬಿಯಾಸ್, ರಾವಿ ಮೂರೂ ಉಕ್ಕಿ, ಭಾಕ್ರಾದಿಂದ ಪೋಂಗ್ ಡ್ಯಾಮಿಂದ ನೀರು ಬಿಟ್ಟು, ಕೊನೆಗೆ 23 ಜಿಲ್ಲೆಗಳನ್ನೂ ನೆರೆಪೀಡಿತ ಅಂತ ಘೋಷಣೆ ಮಾಡಿದ್ರು. ಆಗಸ್ಟ್ 27ರಿಂದ ಸೆಪ್ಟೆಂಬರ್ 7ರ ತನಕ ಮಕ್ಕಳಿಗೆ ಶಾಲೆಯೇ ಇಲ್ಲ. ರಜೆ ಸಿಕ್ಕಿದ ಖುಷಿಗೆ ನಮ್ಮವಳು ದಿನಾ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಬುಟ್ಟಿ ಹಿಡ್ಕೊಂಡು ಗಲ್ಲಿಯಲ್ಲಿ ಹೂ ಕೊಯ್ಲಿಕ್ಕೆ ಹೊರಡ್ತಾ ಇದ್ಳು. ನಿತ್ಯಪುಷ್ಪ, ದಾಸವಾಳ, ಯಾರದೋ ಗೇಟಿನ ಕ್ರೋಟನ್ ಎಲೆ ಕೂಡ. ನಾವು ಸಣ್ಣದಿರುವಾಗ ಡೇರೆ ಹೂವಿಗೆ, ಶಂಖಪುಷ್ಪಕ್ಕೆ ಗದ್ದೆ ಹುಣಿಯಲ್ಲಿ ಜಾರಿ ಬಿದ್ದು, ಅಕ್ಕಪಕ್ಕದ ಶೆಟ್ರ ಮನೆ, ಭಟ್ರ ಮನೆ ಅಂಗಳಕ್ಕೆಲ್ಲ ನುಗ್ಗಿ, ಕೊಡೆಯೊಳಗೆ ಬುಟ್ಟಿ ಒದ್ದೆ ಆಗದ ಹಾಗೆ ಇಗರ್ಜಿಗೆ ಓಡ್ತಾ ಇದ್ದದ್ದು ನೆನಪಾಯ್ತು. ಕ್ರೋಟನ್ ಎಲೆಯಾದ್ರೆ ಎಂತ, ಮೊರಿಯೆಗೆ ಹಾಕಿದ್ದು ಹೂವೇ.

ಅಡಿಗೆ ಸಾಮಾನಿಗೆ ಅಂಥ ತೊಂದ್ರೆ ಇಲ್ಲ. ಇಲ್ಲಿ ಅರ್ಬಿ, ಅಂದ್ರೆ ಕೆಸು, ತಿನ್ನುವವರು ಬೇಕಾದಷ್ಟು, ಎಲೆಯೂ ಸಿಗ್ತದೆ, ದಂಟನ್ನು ಮಾತ್ರ ಸಬ್ಜಿಯವ ಕತ್ತರಿಸಿ ಬಿಸಾಡ್ತಾನೆ, ಅದನ್ನ ನಾನು ಕೇಳಿದ್ದಕ್ಕೆ ಮನೆಯಲ್ಲಿ ದನ ಉಂಟಾ ಅಂತ ವಿಚಾರಿಸಿದ. ಅಂಬಡೆ, ನಮ್ಮ ಅಮಟೆಕಾಯಿ, ಇಲ್ಲ, ಹುಣಸೆಯಲ್ಲಿ ಸುಧಾರಿಸಿದ್ದು. ಕಬ್ಬಿನ ಹಾಲಿನ ಗಾಡಿಯವನ ಹತ್ರ ಎರಡು ತುಂಡು ಕಬ್ಬು ಬೇಡಿದ್ರೆ ಮಗಳ ಮುಖ ನೋಡಿ ಹಣ ತಗೊಳ್ಳಲಿಲ್ಲ. ಎಲ್ಲ ಸಿಕ್ಕಿತು, ತೆನೆ ಒಂದು ಇಲ್ಲ.

ತಮಾಷೆ ಎಂತ ಗೊತ್ತುಂಟಾ, ಲೂಧಿಯಾನ ಪೇಟೆ ದಾಟಿದ್ರೆ ಕಣ್ಣು ಹಾಯುವಷ್ಟು ದೂರ ಭತ್ತವೇ. ಜೂನಲ್ಲಿ ನೆಟ್ಟದ್ದು, ಸೆಪ್ಟೆಂಬರಿಗೆ ತೆನೆ ಬಂದಿರ್ತದೆ. ಇವರು ಹೇಳಿದ್ರು, ಸ್ಕೂಟರ್ ನಿಲ್ಲಿಸಿ ನಾಲ್ಕು ಕಿತ್ತರೆ ಆಯ್ತಲ್ಲ, ಧರ್ಮೋಪದೇಶಕಾಂಡ 23:25ರಲ್ಲೇ ಉಂಟು, ನೆರೆಯವನ ಪೈರಲ್ಲಿ ಕೈಯಿಂದ ತೆನೆ ಕೀಳಬಹುದು, ಕುಡುಗೋಲು ಹಾಕಬಾರದು ಅಷ್ಟೆ. ಬೈಬಲ್ ಕ್ವಿಜಲ್ಲಿ ಬಹುಮಾನ ತಗೊಂಡವರನ್ನ ಮದುವೆ ಆದ್ರೆ ಇದೇ ಗತಿ. ಆ ಮಾತು ದಾರಿಯಲ್ಲಿ ಹಸಿದವನಿಗೆ ಹೇಳಿದ್ದು, ಸ್ಕೂಟರಲ್ಲಿ ಬರುವ ಬ್ಯಾಂಕ್ ಮ್ಯಾನೇಜರಿಗಲ್ಲ ಅಂದೆ. ಕೇಳದೆ ಕಿತ್ತದ್ದನ್ನ ದೇವರ ಮುಂದೆ ಇಡುವುದು ಹೇಗೆ? ಅದೂ ಇಡೀ ರಾಜ್ಯದ ರೈತರು ಗದ್ದೆಯಲ್ಲಿ ನಿಂತ ನೀರು ನೋಡ್ತಾ ಕೂತಿರುವ ವರ್ಷ.

ನಮ್ಮ ಮೇಲಿನ ಮಹಡಿಯಲ್ಲಿ ಮನೆಯ ಓನರ್ ತಾಯಿ ಇದ್ದಾರೆ, ಎಲ್ಲರಿಗೂ ಬೀಜಿ. ನನ್ನ ಪಂಜಾಬಿ ಅಷ್ಟಕ್ಕಷ್ಟೆ, ಅವರ ಹಿಂದಿ ಇನ್ನೂ ಕಮ್ಮಿ, ಆದ್ರೂ ಸಂಜೆ ಟೆರೇಸಲ್ಲಿ ಬಟ್ಟೆ ತೆಗಿಯುವಾಗ ಅರ್ಧ ಗಂಟೆ ಮಾತಾಡ್ತೇವೆ. ಮಗಳು ಮೊಬೈಲಲ್ಲಿ ತೆನೆಯ ಫೋಟೋ ತೋರಿಸಿ ನಮಗೆ ಇದು ಬೇಕು ಅಂತ ಅವರಿಗೆ ಹೇಳಿಬಿಟ್ಟಿದ್ದಾಳೆ. "ಏ ತಾಂ ಝೋನಾ ಹೈ ಪುತ್!" ಅಂತ ಬೀಜಿ ನಕ್ಕರು, ಝೋನಾ ಅಂದ್ರೆ ಭತ್ತ. ಇಷ್ಟು ಭತ್ತ ಬೆಳೆದೂ ತಾವು ತಿನ್ನೋದು ರೊಟ್ಟಿ, ಝೋನಾ ಎಲ್ಲ ಮಂಡಿಗೆ ಹೋಗೋದು, ಅದನ್ನ ಪೂಜೆಗೆ ಇಡುವವರನ್ನ ಅವರು ನೋಡಿದ್ದು ಇದೇ ಮೊದಲಂತೆ. ಎಂತಕ್ಕೆ ಅಂತ ಕೇಳಿದ್ರು. ಯೇಸುವಿನ ತಾಯಿಯ ಹುಟ್ಟಿದ ಹಬ್ಬ, ಹೊಸ ಬೆಳೆಯ ಹಬ್ಬ, ಊರಲ್ಲಿ ಫರಂಗಿಪೇಟೆ ಗುಡ್ಡದ ಇಗರ್ಜಿಯಲ್ಲಿ 1763ರಲ್ಲಿ ಒಬ್ಬ ಪಾದ್ರಿ ಶುರು ಮಾಡಿದ್ದು, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು ಅಂತ ನನಗೆ ಬಂದ ಭಾಷೆಯಲ್ಲಿ ಹೇಳಿದೆ. "ಸಾರೇ ಇಕಟ್ಠೇ?" ಅಂದ್ರು. ಹೌದು ಬೀಜಿ, ಎಲ್ಲರೂ ಒಟ್ಟಿಗೆ. ಹೇಳುವಾಗ ಗಂಟಲಲ್ಲಿ ಎಂತದೋ ಆಯ್ತು.

ಎಂತಕ್ಕೆ ಅಂದ್ರೆ ನನಗೆ ಒಟ್ಟಿಗೆ ಅಂದ ಕೂಡ್ಲೆ ನೆನಪಾಗೋದು ಬಾವಿಯ ವರ್ಷ. ಪಪ್ಪನಿಗೂ ಅವರ ತಮ್ಮ ಬಾಪ್ಪುವಿಗೂ ಬಾವಿಗೆ ಪಂಪ್ ಇಡುವ ವಿಷಯದಲ್ಲಿ ಜಗಳ ಆಗಿ ಮಾತು ಬಿಟ್ಟಿದ್ರು. ಒಂದೇ ಅಂಗಳ, ನಡುವೆ ಒಂದು ದರೆ, ಆಚೆಮನೆಯ ಮಕ್ಕಳ ಹತ್ರ ನಾವು ಕದ್ದು ಮಾತಾಡಬೇಕು. ಮೊಂತಿ ಫೆಸ್ತ್ ಬಂತು. ಪೂಜೆಯಾಗಿ, ಎಲೆ ಹಾಕಿ, ತೆನೆ ಸುಲಿದು ಅಕ್ಕಿಯ ಪುಡಿ ತೆಂಗಿನಕಾಯಿ ಹಾಲಿಗೆ ಹಾಕಿ ಅಜ್ಜಿ ತಟ್ಟೆ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ರು. ಪಪ್ಪ ಪ್ರಾರ್ಥನೆ ಹೇಳಿ ಮುಗಿಸಿದ್ರು, ಅಜ್ಜಿ ಬಡಿಸ್ಲಿಲ್ಲ. ಅಜ್ಜಿಗೆ ಓದ್ಲಿಕ್ಕೆ ಬರ್ತಿರ್ಲಿಲ್ಲ, ಆದ್ರೆ ಪಾದ್ರಿಗಳ ಪ್ರಸಂಗ ಒಂದೂ ಮರೀತಿರ್ಲಿಲ್ಲ. ಕಾಣಿಕೆ ಪೀಠದ ಮುಂದೆ ಇಡುವಾಗ ತಮ್ಮನಿಗೆ ನಿನ್ನ ಮೇಲೆ ಬೇಸರ ಉಂಟು ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತ ಯೇಸುಸ್ವಾಮಿ ಹೇಳಿದ್ದಲ್ವಾ, ಮತ್ತಾಯ ಐದು, ಅಜ್ಜಿ ಅಧ್ಯಾಯ ವಚನ ಎಲ್ಲ ಹೇಳ್ಲಿಲ್ಲ, "ಕಾಣಿಕೆ ನಾನು ನೋಡಿಕೊಳ್ತೇನೆ, ನೀನು ಹೋಗಿ ಬಾ" ಅಂದ್ರು ಅಷ್ಟೆ. ಪಪ್ಪ ಎಲೆ ಬಿಟ್ಟು ಎದ್ದು, ಕೊಡೆ ಬಿಡಿಸಿ ಮಳೆಯಲ್ಲಿ ದರೆ ಇಳಿದು ಹೋದ್ರು. ನಾವು ಮಕ್ಕಳು ಹಸಿದು ಎಲೆಯ ತುದಿ ಹರೀತಾ ಕೂತದ್ದು. ಎಷ್ಟೋ ಹೊತ್ತಾದ ಮೇಲೆ ಒಂದೇ ಕೊಡೆಯಲ್ಲಿ ಇಬ್ಬರೂ ಬಂದ್ರು, ಹಿಂದಿನಿಂದ ಅವರ ಮನೆಯವರೆಲ್ಲ. ಕ್ಷಮಿಸು ಗಿಮಿಸು ಯಾರೂ ಹೇಳಿದ್ದು ನಾನು ಕೇಳ್ಲಿಲ್ಲ. ಬಾಪ್ಪು ಕೂತು "ವೊರ್ನ್ ತಣ್ಣಗಾಯ್ತಾ?" ಅಂತ ಪಾಯಸದ ಬಗ್ಗೆ ಕೇಳಿದ್ದು ನೆನಪುಂಟು.

ಪಂಪಿನ ತಕರಾರು ಆಮೇಲೂ ಇತ್ತು, ಗೊತ್ತುಂಟಾ. ವರ್ಷಗಟ್ಟಲೆ ಇತ್ತು. ಆದ್ರೆ ಮಾತಾಡಿಕೊಂಡೇ ಜಗಳ ಮಾಡಿದ್ರು, ಮಾತು ಬಿಟ್ಟು ಅಲ್ಲ. ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳಿದ ಪೇತ್ರನಿಗೆ ಯೇಸು ಎಪ್ಪತ್ತು ಸಲ ಏಳು ಸಲ ಅಂತ ಹೇಳಿದ ಲೆಕ್ಕ ಬಾವಿ ನೀರಿನಂಥ ದಿನಾ ಕೆದಕುವ ವಿಷಯಕ್ಕೇ ಇರಬೇಕು, ದೊಡ್ಡ ತಪ್ಪಾದ್ರೆ ಒಂದು ಸಲ ಅತ್ತು ಮುಗಿಸಬಹುದು.

ಏಳನೇ ತಾರೀಕು ರಾತ್ರಿ ಬಾಗಿಲು ತಟ್ಟಿದ್ರು, ನೋಡಿದ್ರೆ ಬೀಜಿ, ಪಕ್ಕದಲ್ಲಿ ಅವರ ತಮ್ಮನ ಮಗ. ಬೀಜಿಯ ತವರು ಸುಲ್ತಾನ್‌ಪುರ ಲೋಧಿ ಕಡೆ, ಬಿಯಾಸ್ ಹೊಳೆ ಬದಿಯ ತಗ್ಗು ಜಾಗ, ಮಂಡ್ ಪ್ರದೇಶ, ಟಿವಿಯಲ್ಲಿ ದಿನಾ ತೋರಿಸ್ತಾ ಇದ್ದ ಜಾಗ. ಗದ್ದೆ ಹೆಚ್ಚಿನದ್ದು ನೀರಿನಡಿ. ಆ ಹುಡುಗ ಇಲ್ಲಿಗೆ ಬಂದದ್ದು ಪಂಪಿನ ಪಾರ್ಟು, ದನಗಳಿಗೆ ಔಷಧಿ ಕೊಂಡುಹೋಗ್ಲಿಕ್ಕೆ, ಬರುವಾಗ ಅತ್ತೆ ಹೇಳಿದ್ರು ಅಂತ ಎತ್ತರದ ಒಂದು ಮೂಲೆಯಲ್ಲಿ ಉಳಿದ ಪೈರಿಂದ ಒಂದು ಹಿಡಿ ತೆನೆ ಕೊಯ್ದು ಒದ್ದೆ ಗೋಣಿ ತುಂಡಲ್ಲಿ ಸುತ್ತಿ ತಂದಿದ್ದ. ಬಿಚ್ಚಿ ನೋಡಿದೆ. ದಂಟಿನ ಅರ್ಧಕ್ಕೆ ಸರಿಯಾಗಿ ಗೆರೆ ಎಳೆದ ಹಾಗೆ ಕೆಸರು, ನೀರು ಅಲ್ಲಿವರೆಗೆ ನಿಂತಿತ್ತು. ಮೇಲೆ ತೆನೆ ಹಸಿರು ಹೋಗಿ ಹಳದಿಗೆ ತಿರುಗ್ತಾ ಇತ್ತು. ಉಗುರಲ್ಲಿ ಒತ್ತಿದ್ರೆ ಕೆಲವು ಕಾಳು ಗಟ್ಟಿ, ಕೆಲವಲ್ಲಿ ಇನ್ನೂ ಹಾಲು. ಕೆಸರಿನ ವಾಸನೆ ನಮ್ಮ ಬೈಲು ಗದ್ದೆಯದ್ದೇ ಮಾರಾಯ್ರೆ, ನಾನು ಆ ಹುಡುಗನಿಗೆ ಥ್ಯಾಂಕ್ಸ್ ಹೇಳ್ಲಿಕ್ಕೂ ಆಗದೆ ಒಳಗೆ ಹೋಗಿ ನೀರು ತಂದೆ. ಹಣದ ಮಾತು ಎತ್ತಿದ್ರೆ ಬೀಜಿ ಗದರಿದ್ರು.

ಮಾರನೆ ದಿನ ಸೋಮವಾರ, ಮಗಳಿಗೆ ಶಾಲೆ ಶುರು, ಇವರಿಗೆ ಬ್ಯಾಂಕು, ಹಾಗಾಗಿ ಹಬ್ಬ ಸಂಜೆಗೆ. ಏಳು ಬಗೆ ಮಾಡ್ಬೇಕು ಅಂತ ಹೊರಟು ಐದಕ್ಕೆ ನಿಂತಿತು, ಬಗೆಯ ಲೆಕ್ಕ ಬೆಸ ಇರಬೇಕು, ಆರಕ್ಕೆ ನಿಲ್ಲಿಸುವ ಹಾಗಿಲ್ವಲ್ಲ. ಇಗರ್ಜಿಯ ಸಂಜೆ ಪೂಜೆಗೆ ಕೇರಳದ ಸಿಸ್ಟರ್‌ಗಳು ಎಂಟು ನೊಂಬಿನ, ಅಂದ್ರೆ ಎಂಟು ದಿನದ ಉಪವಾಸದ, ಕೊನೆಯ ದಿನ ಅಂತ ಬಂದಿದ್ರು, ವೆಲಂಕಣಿ ಫೀಸ್ಟ್ ಅಂತ ಒಂದು ತಮಿಳು ಕುಟುಂಬ, ಬಾಕಿ ಎಲ್ಲ ಇಲ್ಲಿಯವರು. ಇಗರ್ಜಿಯ ಬಾಗಿಲಲ್ಲಿ ನೆರೆ ಪರಿಹಾರಕ್ಕೆ ಒಟ್ಟು ಮಾಡಿದ ಹಿಟ್ಟು, ಬೇಳೆಯ ಚೀಲಗಳು. ನನ್ನ ಕೈಯಲ್ಲಿ ತೆನೆ ನೋಡಿ ಫಾದರ್ ಏನೂ ಕೇಳದೆ ಪೀಠದ ಮುಂದೆ ಇಡಿ ಅಂದ್ರು.

ಆ ದಿನದ ಸುವಾರ್ತೆ ಮತ್ತಾಯ ಒಂದು, ಯೇಸುವಿನ ವಂಶಾವಳಿ. ಸುಮಾರು ಕಡೆ ಅದನ್ನ ಬಿಟ್ಟು ಸಣ್ಣದು ಓದಿ ಮುಗಿಸ್ತಾರೆ, ಈ ಫಾದರ್ ಹಿಂದಿಯಲ್ಲಿ ಪೂರ್ತಿ ಓದಿದ್ರು, ಇಂಥವನಿಂದ ಇಂಥವನು ಅಂತ. ಮಗಳು ಆಕಳಿಸಿದಳು. ನಾನೂ ಊರಿನ ಯೋಚನೆಯಲ್ಲೇ ಇದ್ದೆ, ರೂತ್ ಅಂತ ಹೆಸರು ಬಂದಾಗ ಎಚ್ಚರ ಆಯ್ತು. ಎಷ್ಟು ಮೊಂತಿ ಫೆಸ್ತಿಗೆ ಇದೇ ಸುವಾರ್ತೆ ಕೇಳಿದ್ದೇನೋ, ತೆನೆಯ ಹಬ್ಬದ ಓದಲ್ಲಿ ತೆನೆ ಆಯ್ದವಳ ಹೆಸರು ಉಂಟು ಅಂತ ತಲೆಗೆ ಹೋಗಿರ್ಲಿಲ್ಲ. ಬರಗಾಲದಲ್ಲಿ ಊರು ಬಿಟ್ಟು ಹೋಗಿದ್ದ ಮನೆಯ ಸೊಸೆ, ಮೋವಾಬಿನವಳು, ಯಾರದೋ ಗದ್ದೆಯಲ್ಲಿ ಕೊಯ್ಲಿನ ಹಿಂದೆ ಉದುರಿದ್ದು ಹೆಕ್ಕಿದವಳು. ಬೋವಜ ತನ್ನ ಆಳುಗಳಿಗೆ ಹೇಳ್ತಾನಲ್ಲ, ಬೇಕೂಂತಲೇ ಸಿವುಡಿಂದ ಕೆಲವು ತೆನೆ ಎಳೆದು ಅವಳಿಗೆ ಬಿಡಿ, ಗದರಬೇಡಿ ಅಂತ. ಹೊಲದ ಅಂಚಿನವರೆಗೆ ಕೊಯ್ಯಬೇಡ, ಬಡವರಿಗೂ ಪರದೇಶಿಗೂ ಬಿಡು ಅನ್ನುವ ಮೋಶೆಯ ಮಾತನ್ನ ಬೋವಜ ಒಂದು ಹೆಜ್ಜೆ ದಾಟಿ ಪಾಲಿಸಿದ. ಪರಲೋಕದ ಅಪ್ಪನ ಮಾತು ಓದದೆಯೇ ಒಬ್ಬ ಸರ್ದಾರ್ ಹುಡುಗ ಮುಳುಗಿದ ಗದ್ದೆಯಲ್ಲಿ ನನಗೆ ಒಂದು ಹಿಡಿ ಬಿಟ್ಟಿದ್ದ. ನಾನು ಬೈಬಲ್ ಓದಿಯೂ ಅಣ್ಣನಿಗೆ ಎಂತ ಬಿಟ್ಟೆ ಅಂತ ಯೋಚನೆ ಬಂತು, ವಂದನೆ ಮೊರಿಯೆ ಹೇಳುವಾಗಲೂ ಅದೇ.

ಊಟಕ್ಕೆ ಬೀಜಿಯನ್ನ ಕರೆದಿದ್ವಿ. ಮಗಳೇ ತೆನೆ ಸುಲಿದಳು, ಗಟ್ಟಿ ಕಾಳು ಆರಿಸಿ ಕುಟ್ಟಿ ವೊರ್ನಿಗೆ ಹಾಕಿದ್ದು. ಪಪ್ಪ ಹೇಳ್ತಾ ಇದ್ದ ಪ್ರಾರ್ಥನೆ ಇವರು ಹೇಳಿದ್ರು, ಸತ್ತವರ ಹೆಸರು ಹೇಳುವಾಗ ಮಮ್ಮಿಯ ಹೆಸರು ಆ ಸಾಲಿಗೆ ಹೊಸದು. ಬೀಜಿ ತಲೆಗೆ ದುಪಟ್ಟಾ ಹೊದ್ದು ಕೈ ಮುಗಿದು ಕೂತಿದ್ರು, ಆಮೇಲೆ ಐದು ಬಗೆಯಲ್ಲಿ ರೊಟ್ಟಿ ಎಲ್ಲಿ ಅಂತ ಹುಡುಕಿದ್ರು. ದಂಟಿನ ಪದಾರ್ಥ ಹಿಡಿಸ್ಲಿಲ್ಲ, ವೊರ್ನ್ ಹಿಡಿಸಿತು.

ಅಣ್ಣ ಬೈಲು ಗದ್ದೆಗೆ ಮಣ್ಣು ಹಾಕಿ ಅಡಿಕೆ ಇಟ್ಟಿದ್ದಾನೆ. ಮೆಟ್ಟಿಲ ಮೇಲಿನ ಮಾತಿಗೆ ಅದೂ ಒಂದು ಕಾರಣ. ಅಜ್ಜಿ ಕೊಯ್ಯುತ್ತಾ ಇದ್ದ ಗದ್ದೆ ಅಂತ ನಾನು, ಕೆಲಸಕ್ಕೆ ಜನ ಎಲ್ಲಿದ್ದಾರೆ ನೀನು ಪಂಜಾಬಿಂದ ಬಂದು ನೇಜಿ ನೆಡ್ತೀಯಾ ಅಂತ ಅವನು. ಹಾಗೆ ನೋಡಿದ್ರೆ ಅವನು ಕೇಳಿದ್ದು ನ್ಯಾಯವೇ. ಅಂದ್ರೆ ಈಗ ನಮ್ಮ ಮನೆಯ ತೆನೆ ಅಂತ ಒಂದು ಇಲ್ಲ, ಅವನಿಗೂ ಇಗರ್ಜಿಯಲ್ಲಿ ಹಂಚಿದ್ದೇ.

ಒಂಬತ್ತನೇ ತಾರೀಕು ಉಳಿದ ತೆನೆಯಲ್ಲಿ ಮೂರು ತೆಗೆದು ಲಕೋಟೆಗೆ ಹಾಕಿ ಅಣ್ಣನ ಅಡ್ರೆಸ್ ಬರೆದೆ. ಕಾಗದ ಬರೀಲಿಕ್ಕೆ ಕೂತು ಎರಡು ಸಲ ಹರಿದು ಕೊನೆಗೆ ಹಾಗೆಯೇ ಅಂಟಿಸಿದೆ. ಸ್ಪೀಡ್ ಪೋಸ್ಟ್ ಕೌಂಟರಿನವ ಒಳಗೆ ಎಂತ ಅಂತ ಕೇಳಿದ, ಝೋನಾ ಅಂದೆ, ಪಂಜಾಬಿನ ಝೋನಾ ಕರ್ನಾಟಕಕ್ಕಾ ಅಂತ ಪಕ್ಕದ ಕೌಂಟರಿನವನಿಗೂ ಕೂಗಿ ಹೇಳಿದ.

ಅಣ್ಣನ ಫೋನ್ ಬರ್ಲಿಲ್ಲ. ಅತ್ತಿಗೆಯ ಮೆಸೇಜ್ ಬಂತು, ಆದಿತ್ಯವಾರ ಮಧ್ಯಾಹ್ನ. "ತೆನೆ ಸಿಕ್ಕಿತು. ಮಕ್ಕಳು ಮತ್ತೊಮ್ಮೆ ವೊರ್ನ್ ಮಾಡು ಅಂದ್ರು, ಮಾಡಿದೆ. ಯಾರು ಕಳಿಸಿದ್ದು ಅಂತ ಇವರು ಕೇಳ್ಲಿಲ್ಲ, ಎರಡು ಸಲ ಹಾಕಿಸ್ಕೊಂಡ್ರು. ಬಾಪ್ಪುವಿಗೂ ಕೊಟ್ಟು ಬಂದ್ರು. ಇಲ್ಲಿ ಮಳೆ ಬಿಡ್ತಾನೇ ಇಲ್ಲ, ಅಡಿಕೆಗೆ ಕೊಳೆರೋಗ, ಮದ್ದು ಬಿಡ್ಲಿಕ್ಕೆ ಜನ ಸಿಗ್ತಾ ಇಲ್ಲ. ಕ್ರಿಸ್ಮಸ್ಸಿಗೆ ಬರ್ತೀರಾ ಹೇಗೆ, ಬರುದಾದ್ರೆ ಮೊದಲೇ ಹೇಳಿ, ಮೇಲಿನ ರೂಮು ಸೋರ್ತದೆ."