ಡ್ಯುಸೆಲ್‌ಡಾರ್ಫ್‌ನ ದೋಣಿ ಮೇಳಕ್ಕೆ ಹಲಗೆ ಹೊತ್ತು ಹೋಗುವವರಿಗೆ

ಜರ್ಮನಿಯ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಡ್ಯುಸೆಲ್‌ಡಾರ್ಫ್‌ಗೆ ಬಸ್ಸಿನಲ್ಲಿ ಹೋದರೆ ಅಗ್ಗ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಟಿಕೆಟ್ ಅಗ್ಗವೇ, ಸುಳ್ಳಲ್ಲ. ಆದರೆ ಚಾಲಕ ನಮ್ಮ ಪ್ಯಾಡಲ್ ಬೋರ್ಡ್ (ನೀರಿನ ಮೇಲೆ ನಿಂತು ಹುಟ್ಟು ಹಾಕುವ ಹಲಗೆ) ಚೀಲಗಳನ್ನು ನೋಡಿದವನೇ ತಲೆಯಾಡಿಸಿದ. ಇದು ಸಾಮಾನ್ಯ ಲಗೇಜ್ ಅಲ್ಲ, ಕ್ರೀಡಾ ಸಾಮಗ್ರಿ, ಮುಂಗಡ ಕಾಯ್ದಿರಿಸಿಲ್ಲ, ಹತ್ತಿಸುವುದಿಲ್ಲ ಎಂದ. ಒಳಗಿರುವುದು ಗಾಳಿ ತೆಗೆದು ಸುರುಳಿ ಸುತ್ತಿದ ಹಲಗೆ, ದೊಡ್ಡ ಸೂಟ್‌ಕೇಸಿಗಿಂತ ಹೆಚ್ಚು ಜಾಗ ಬೇಡುವುದಿಲ್ಲ ಎಂದು ಜಿಪ್ ಎಳೆದು ತೋರಿಸಿದೆವು. ಆತ ನೋಡಲೂ ಇಲ್ಲ. ನಮ್ಮ ಹಿಂದೆ ನಿಂತಿದ್ದ ಕುಟುಂಬದ ಎರಡು ತಳ್ಳುಗಾಡಿಗಳು, ಒಂದು ನಾಯಿ ಪಂಜರ ಸಲೀಸಾಗಿ ಒಳಗೆ ಹೋದವು. ಬಸ್ಸು ಹೊರಟಿತು, ಹಣ ಹಿಂದಿರುಗಲಿಲ್ಲ. ಶೂನ್ಯಕ್ಕಿಂತ ಎರಡು ಡಿಗ್ರಿ ಮೇಲಿನ ಚಳಿಯಲ್ಲಿ, ಮೂಲ್ಕಿಯ ಬಿಸಿಲಿಗೆ ಒಗ್ಗಿದ ಮೂವರು ಆ ನಿಲ್ದಾಣದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ರೈಲಿನಲ್ಲಿ ಹೋಗಿ. ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ದೂರದ ರೈಲುಗಳ ನಿಲ್ದಾಣವಿದೆ. ಕಲೋನ್‌ವರೆಗಿನ ವೇಗದ ಹಳಿಯಲ್ಲಿ ಗಂಟೆಗೆ 300 ಕಿ.ಮೀ. ತನಕ ಓಡುವ ರೈಲು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಡ್ಯುಸೆಲ್‌ಡಾರ್ಫ್ ಮುಟ್ಟಿಸುತ್ತದೆ. ಚೀಲವನ್ನು ತೂಗುವವರಿಲ್ಲ, ಅಳೆಯುವವರಿಲ್ಲ. ಟಿಕೆಟನ್ನು ವಾರಗಳ ಮೊದಲೇ ಕೊಂಡರೆ ಬಸ್ಸಿಗಿಂತ ಅಷ್ಟೇನೂ ದುಬಾರಿಯಾಗದು.

ನಾವು ಹೋಗಿದ್ದು ಪ್ರತಿ ಜನವರಿಯಲ್ಲಿ ಒಂಬತ್ತು ದಿನ ನಡೆಯುವ ‘ಬೂಟ್’ ಮೇಳಕ್ಕೆ. 1969ರಲ್ಲಿ ಆರಂಭವಾದ ಇದಕ್ಕೆ ಈಗ ಎರಡು ಲಕ್ಷಕ್ಕೂ ಮೀರಿ ಜನ ಬರುತ್ತಾರೆ. ಕೋಟಿಗಟ್ಟಲೆ ಬೆಲೆಯ ವಿಹಾರ ನೌಕೆಗಳಿಂದ ಹಿಡಿದು ಮುಳುಗುಗಾರರ ಕನ್ನಡಕದವರೆಗೆ ನೀರಿಗೆ ಸಂಬಂಧಿಸಿದ್ದೆಲ್ಲ ಅಲ್ಲಿರುತ್ತದೆ. ನಮ್ಮ ಸರಕು ಸಣ್ಣದು: ಸ್ಟ್ಯಾಂಡ್ ಅಪ್ ಪ್ಯಾಡಲ್, ಅಂದರೆ ಅಗಲವಾದ ಹಲಗೆಯ ಮೇಲೆ ನಿಂತು ಉದ್ದನೆಯ ಹುಟ್ಟು ಹಾಕುತ್ತ ಹೋಗುವ ಆಟ. ಶಾಂಭವಿ ನದಿಯ ಹಿನ್ನೀರಿನಲ್ಲಿ ನಾವು ಇದನ್ನು ಪ್ರವಾಸಿಗರಿಗೆ ಕಲಿಸುತ್ತೇವೆ. ನಮ್ಮ ಕರಾವಳಿಗೆ ಹಲಗೆಯಾಟ ಹೊಸದೇನಲ್ಲ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ 2004ರಿಂದ ಇದೆ, 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು, 2024ರ ಮಾರ್ಚ್‌ನಲ್ಲಿ ಅಲ್ಲೇ ನಡೆದ ಇಂಡಿಯಾ ಪ್ಯಾಡಲ್ ಫೆಸ್ಟಿವಲ್‌ಗೆ ವಿಶ್ವ ಪ್ಯಾಡಲ್ ಸರಣಿಯ ಸ್ಪರ್ಧಿಗಳೇ ಬಂದಿದ್ದರು. ಆದರೂ ಬೆಂಗಳೂರಿನಿಂದ ಬರುವವರಿಗೆ ಈಗಲೂ ‘ಇದು ಮುಳುಗುವುದಿಲ್ಲ ತಾನೇ’ ಎಂಬಲ್ಲಿಂದಲೇ ಪಾಠ ಶುರುವಾಗಬೇಕು.

ಜರ್ಮನಿಯಲ್ಲಿ ಈ ಪಾಠದ ಅಗತ್ಯವೇ ಇಲ್ಲ. ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಬೇಸಿಗೆ ಬಂತೆಂದರೆ ಹಾಲು, ಬ್ರೆಡ್ಡಿನ ಪಕ್ಕದಲ್ಲೇ ಗಾಳಿ ತುಂಬುವ ಪ್ಯಾಡಲ್ ಬೋರ್ಡ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ನಮ್ಮ ಮುಂದೆ ನಿಂತವರಲ್ಲಿ ಹೆಚ್ಚಿನವರ ಗ್ಯಾರೇಜಿನಲ್ಲಿ ಒಂದು ಬೋರ್ಡ್ ಇದ್ದೇ ಇತ್ತು. ಹತ್ತೂವರೆ ಅಡಿಯ ಬೋರ್ಡಿಗೆ 15 ಪಿಎಸ್‌ಐ ಒತ್ತಡ ಬರುವವರೆಗೆ ಕೈಪಂಪಿನಲ್ಲಿ ಗಾಳಿ ಹೊಡೆದು, ಬೆವರು ಒರೆಸಿಕೊಂಡು, ‘ನೋಡಿ, ಎಷ್ಟು ಗಟ್ಟಿ’ ಎಂದು ತಟ್ಟಿ ತೋರಿಸಿದರೆ ಅವರು ಸೌಜನ್ಯಕ್ಕೆ ನಕ್ಕು ಮುಂದೆ ಹೋಗುತ್ತಿದ್ದರು. ಹಾಗಾಗಿ ಈ ಮೇಳಕ್ಕೆ ಭಾರತದಿಂದ ಹೋಗುವವರಿಗೆ ನನ್ನ ಮೊದಲ ಮಾತು: ಬೋರ್ಡ್ ತೋರಿಸಲು ಹೋಗಬೇಡಿ, ನಿಮ್ಮ ನೀರನ್ನು ತೋರಿಸಿ.

ಜನ ನಿಂತಿದ್ದು ಒಂದು ರಟ್ಟಿನ ತುಂಡಿಗೆ. ಜೊತೆಗೆ ಬಂದಿದ್ದ ಸದಾನಂದಣ್ಣ ಖಾಲಿ ಪೆಟ್ಟಿಗೆಯ ಮುಚ್ಚಳ ಹರಿದು, ದಪ್ಪ ಮಾರ್ಕರ್‌ನಲ್ಲಿ ‘28°’ ಎಂದಷ್ಟೇ ಬರೆದು ಬೋರ್ಡಿನ ನೆತ್ತಿಗೆ ಅಂಟಿಸಿದರು. ಜನವರಿಯಲ್ಲಿ ನಮ್ಮ ಕಡಲ ನೀರಿನ ಬಿಸಿ ಹೆಚ್ಚುಕಡಿಮೆ ಅಷ್ಟೇ. ಹೊರಗೆ ರೈನ್ ನದಿಯ ಮೇಲಿಂದ ಬರುವ ಗಾಳಿಗೆ ಮೂಗು ಕೆಂಪಾಗಿ ಒಳಬಂದವರಿಗೆ ಈ ಅಂಕಿಯ ಮುಂದೆ ಬೇರೆ ಯಾವ ಜಾಹೀರಾತೂ ಬೇಕಿರಲಿಲ್ಲ. ‘ಇದು ಗಾಳಿಯ ಬಿಸಿಯೋ, ನೀರಿನದೋ?’ ಎಂದು ಕೇಳುವರು. ನೀರಿನದು ಎಂದರೆ ಮೊಬೈಲ್ ತೆಗೆದು ನಕ್ಷೆ ಹುಡುಕುವರು. ಎರಡನೆಯದಾಗಿ ಕೆಲಸಕ್ಕೆ ಬಂದದ್ದು ಪಡುಬಿದ್ರಿ. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಸಿಕ್ಕ ಬ್ಲೂ ಫ್ಲ್ಯಾಗ್ ಮಾನ್ಯತೆಯ ಬಗ್ಗೆ ನಮ್ಮವರೇ ತಲೆ ಕೆಡಿಸಿಕೊಳ್ಳುವುದಿಲ್ಲ. ಯುರೋಪಿನವರಿಗೆ ಆ ನೀಲಿ ಬಾವುಟದ ಗುರುತು ಕಂಡರೆ ಸಾಕು, ನೀರಿನ ಶುಚಿತ್ವದ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಕಾಸರಕೋಡಿಗೂ ಅದೇ ವರ್ಷ ಅದು ಸಿಕ್ಕಿದೆ, ಉತ್ತರ ಕನ್ನಡದವರು ಬಳಸಿಕೊಳ್ಳಲಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆ ಸಾಗುವ ಒಂದು ದೊಡ್ಡ ಚಿತ್ರ ಹಾಕಿ. ಶಾಂಭವಿ, ನಂದಿನಿ ನದಿಗಳು ಕೂಡುವ ಅಳಿವೆಯ ನಕ್ಷೆ ಹಾಕಿ. ಜೂನ್‌ನಿಂದ ಆಗಸ್ಟ್‌ವರೆಗೆ ಬರಬೇಡಿ ಎಂದು ನೀವೇ ಬರೆದುಬಿಡಿ. ಬೇಡವೆಂದು ಹೇಳುವ ವ್ಯಾಪಾರಿಯನ್ನು ಜರ್ಮನರು ಬೇಗ ನಂಬುತ್ತಾರೆ.

ಇನ್ನು ನಮಗೆ ಟೋಪಿ ಬಿದ್ದ ಕಥೆ. ಇಡೀ ಮಳಿಗೆ ಬಾಡಿಗೆಗೆ ಹಿಡಿಯುವ ಶಕ್ತಿ ನಮಗಿರಲಿಲ್ಲ. ಒಬ್ಬ ಮಧ್ಯವರ್ತಿ, ದೊಡ್ಡ ಮಳಿಗೆಯೊಂದರಲ್ಲಿ ಪಾಲು ಕೊಡಿಸುತ್ತೇನೆ, ಮೇಜು, ಬೆಳಕು, ವಿದ್ಯುತ್ ಎಲ್ಲವೂ ಸೇರಿದೆ ಎಂದು ಮುಂಗಡ ತೆಗೆದುಕೊಂಡಿದ್ದ. ಹೋಗಿ ನೋಡಿದರೆ ಪಾಲು ಎಂದರೆ ಕಂಬದ ಹಿಂದಿನ ಮೂಲೆ. ನೆಲಗಂಬಳಿಗೆ ಬೇರೆ ದರ, ದಿನಾ ಗುಡಿಸಿದ್ದಕ್ಕೆ ಬೇರೆ, ವಿದ್ಯುತ್ ಸಂಪರ್ಕಕ್ಕೆ ಬೇರೆ. ವಿದ್ಯುತ್ತಿನದು ತಡವಾಗಿ ಕೇಳಿದ್ದಕ್ಕೆ ಇನ್ನಷ್ಟು. ಒಪ್ಪಂದದ ಹಾಳೆಯಲ್ಲಿ ‘ಸೌಲಭ್ಯಗಳು’ ಎಂಬ ಒಂದೇ ಪದ. ನಿಮ್ಮ ಒಪ್ಪಂದದಲ್ಲಿ ಚದರ ಮೀಟರ್ ಎಷ್ಟು, ಎಷ್ಟು ಬದಿ ತೆರೆದಿದೆ, ಪ್ಲಗ್ ಎಲ್ಲಿದೆ ಎಂಬುದನ್ನು ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ನಮ್ಮೂರಿನ ಮೂರು ಕಾಲಿನ ಪ್ಲಗ್ ಅಲ್ಲಿ ಹಿಡಿಸದು, ದುಂಡು ಕಡ್ಡಿಯ ಎರಡು ಕಾಲಿನದಾದರೆ ಹಿಡಿಸುತ್ತದೆ.

ಆ ಮೂಲೆಯಲ್ಲಿ ನಮ್ಮನ್ನು ಪತ್ತೆ ಹಚ್ಚಿದವರೂ ಇದ್ದರು. ಬ್ಯಾನರಿನ ಅಂಚಿನಲ್ಲಿ ‘ಮೂಲ್ಕಿ’ ಎಂದು ಕನ್ನಡದಲ್ಲಿ ಬರೆಸಿದ್ದೆವು. ಎಂಜಿನಿಯರ್ ದಂಪತಿಯೊಂದು ಮಗುವನ್ನು ಎತ್ತಿಕೊಂಡು ಬಂದು, ‘ಇಲ್ಲಿ ಕನ್ನಡ ಬರೆದವರು ಯಾರು ಮಾರಾಯರೇ?’ ಎಂದು ಕೇಳಿದರು. ಕಾರ್ಕಳದವರು. ಅವರು ನಮಗೆ ಮಾಡಿದ ಉಪಕಾರವೆಂದರೆ ನಮ್ಮ ಕರಪತ್ರದ ಜರ್ಮನ್ ಓದಿ, ಅರ್ಧವನ್ನು ಹೊಡೆದುಹಾಕಿ, ನೆಟ್ಟಗೆ ಬರೆದುಕೊಟ್ಟದ್ದು.

ಬೋರ್ಡ್ ಆಟಗಳ ಸಭಾಂಗಣದಲ್ಲಿ ಕೃತಕ ಅಲೆಯ ಯಂತ್ರವಿದೆ, ದೈತ್ಯ ಫ್ಯಾನುಗಳು ಗಾಳಿ ಬೀಸುವ ಉದ್ದನೆಯ ಕೊಳವಿದೆ. ಬೇರೆಯವರು ಈ ಗದ್ದಲದಿಂದ ದೂರ ಮಳಿಗೆ ಹಿಡಿಯಿರಿ ಎನ್ನುತ್ತಾರೆ. ಬಪ್ಪನಾಡು ಜಾತ್ರೆಯ ನೂಕುನುಗ್ಗಲಿನಲ್ಲಿ ಬೆಳೆದ ನನಗೆ ಜನರ ಗೌಜಿ ಲೆಕ್ಕಕ್ಕಿಲ್ಲ. ಕೊಳದ ಪಕ್ಕವೇ ಸಿಕ್ಕಿದರೆ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಮೈಕಿನ ಅಬ್ಬರಕ್ಕೆ ತಲೆ ಸಿಡಿಯುವವರು ಪ್ರವಾಸ ಸಂಸ್ಥೆಗಳ ಸಾಲಿನಲ್ಲಿ ಜಾಗ ಕೇಳಬಹುದು, ನಮ್ಮಂಥವರಿಗೆ ಅಲ್ಲೂ ಗಿರಾಕಿ ಇದ್ದಾರೆ. ಶನಿವಾರ, ಭಾನುವಾರ ಮಕ್ಕಳು ಮರಿಗಳ ಸಂತೆ, ಕರಪತ್ರ ಖಾಲಿಯಾಗುತ್ತದೆ, ಅಷ್ಟೇ. ಕೆಲಸದ ಮಾತು ನಡೆಯುವುದು ಮಂಗಳವಾರ, ಬುಧವಾರ. ಕ್ಲಬ್ಬಿನವರು, ಚಳಿಗಾಲದ ಪ್ರವಾಸ ಏರ್ಪಡಿಸುವವರು ಆಗ ಬರುತ್ತಾರೆ. ಅವರು ಕೇಳುವುದು ಮೂರೇ: ಜೀವರಕ್ಷಕ ಜಾಕೆಟ್ ಎಲ್ಲ ಅಳತೆಯಲ್ಲೂ ಇದೆಯೇ, ತರಬೇತುದಾರರಿಗೆ ಪ್ರಮಾಣಪತ್ರ ಯಾರದ್ದು, ಹತ್ತಿರದ ಆಸ್ಪತ್ರೆ ಎಷ್ಟು ದೂರ. ಪ್ರಮಾಣಪತ್ರದ ಮಾತು ಬಂದರೆ ಸ್ವಲ್ಪ ಹುಷಾರು. ಈ ಆಟ ಯಾರಿಗೆ ಸೇರಿದ್ದು ಎಂದು ಸರ್ಫಿಂಗ್ ಮತ್ತು ಕನೂ (ಕಿರುದೋಣಿ) ಆಟಗಳ ಅಂತರರಾಷ್ಟ್ರೀಯ ಒಕ್ಕೂಟಗಳು ವರ್ಷಗಟ್ಟಲೆ ಜಗಳವಾಡಿವೆ. ಒಲಿಂಪಿಕ್ಸ್ ಮಟ್ಟದಲ್ಲಿ ಅದು ಸರ್ಫಿಂಗ್ ಒಕ್ಕೂಟಕ್ಕೆ ಸೇರಿದ್ದೆಂದು 2020ರಲ್ಲಿ ಕ್ರೀಡಾ ನ್ಯಾಯಮಂಡಳಿ ಹೇಳಿದ ಮೇಲೂ ಎರಡೂ ಕಡೆಯ ಅಭಿಮಾನಿಗಳು ಮೇಳಕ್ಕೆ ಬರುತ್ತಾರೆ. ವಾದಕ್ಕೆ ಇಳಿಯಬೇಡಿ, ಚಹಾ ಕೊಡಿ.

ಡ್ಯುಸೆಲ್‌ಡಾರ್ಫ್‌ನಲ್ಲಿ ಕೋಣೆ ಹಿಡಿಯುವ ಆಸೆ ಬಿಟ್ಟುಬಿಡಿ. ಮೇಳದ ದಿನಗಳಲ್ಲಿ ಹೋಟೆಲಿನವರು ಬಾಯಿಗೆ ಬಂದ ದರ ಹೇಳುತ್ತಾರೆ. ಮೊದಲ ರಾತ್ರಿ ನಾವು ತಂಗಿದ ಕೋಣೆಯಲ್ಲಿ ಮಂಚ ದಾಟಿಯೇ ಬಚ್ಚಲಿಗೆ ಹೋಗಬೇಕಿತ್ತು, ಕಿಟಕಿ ಮುಚ್ಚುತ್ತಿರಲಿಲ್ಲ. ಆ ದುಡ್ಡಿನಲ್ಲಿ ಮೂಲ್ಕಿಯಲ್ಲಿ ಒಂದು ತಿಂಗಳು ಮನೆ ಬಾಡಿಗೆಗೆ ಸಿಗುತ್ತದೆ. ಪಕ್ಕದ ಊರು ಡ್ಯೂಸ್‌ಬರ್ಗ್‌ಗೆ ಹೋಗಿ. ಅಲ್ಲಿಂದ ಯು79 ಎಂಬ ರೈಲು ನಗರದ ನಡುವಿಗೆ ಹೋಗುವ ಮೊದಲೇ ಮೇಳದ ಪೂರ್ವ ದ್ವಾರದ ಬಳಿ ಇಳಿಸುತ್ತದೆ. ತಿಂಗಳ ಪಾಸು ‘ಡಾಯ್ಚ್‌ಲಾಂಡ್ ಟಿಕೆಟ್’ 2023ರಲ್ಲಿ 49 ಯೂರೋ ಇದ್ದದ್ದು 2026ರ ಜನವರಿಗೆ 63 ಆಗಿದೆ. ಆದರೂ ಸಾಮಾನು ಹೊತ್ತು ದಿನಾ ಓಡಾಡುವವರಿಗೆ ಲಾಭವೇ. ವೇಗದ ದೂರದ ರೈಲುಗಳಲ್ಲಿ ಇದು ನಡೆಯದು. ಇದು ತಾನಾಗಿಯೇ ಮುಂದುವರಿಯುವ ಚಂದಾ, ಅದೇ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ.

ಡ್ಯೂಸ್‌ಬರ್ಗ್ ನೋಡಲು ಚಂದದ ಊರಲ್ಲ. ಉಕ್ಕಿನ ಕಾರ್ಖಾನೆಗಳ ಊರು, ಆಕಾಶವೂ ಅದೇ ಬಣ್ಣ. ಆದರೆ ಹೊಟ್ಟೆಯ ವಿಷಯದಲ್ಲಿ ಅದರಷ್ಟು ಒಳ್ಳೆಯ ಊರು ನನಗೆ ಅಲ್ಲಿ ಕಾಣಲಿಲ್ಲ. ಟ್ರಾಮಿನಲ್ಲಿ ಮಾರ್ಕ್ಸ್‌ಲೋ ಬಡಾವಣೆಗೆ ಹೋದರೆ ತುರ್ಕಿಯವರ ಲೋಕ. ಬೀದಿಯುದ್ದಕ್ಕೂ ಮದುವೆ ಉಡುಪಿನ ಅಂಗಡಿಗಳು, ನಡುನಡುವೆ ಊಟದ ಮನೆಗಳು. ಅಂಥ ಒಂದು ಸಣ್ಣ ಖಾನಾವಳಿಯಲ್ಲಿ ಸಿಕ್ಕಿದ್ದು ಮರ್ಜಿಮೆಕ್, ಕೆಂಪು ಮಸೂರ ಬೇಳೆಯ ಸೂಪು. ಹಬೆಯಾಡುವ ಬಟ್ಟಲಿನ ಮೇಲೆ ಮೆಣಸಿನ ಪುಡಿ ಹಾಕಿ ಕಾಯಿಸಿದ ಬೆಣ್ಣೆಯ ಕೆಂಪು ಗೆರೆ, ಒಣ ಪುದೀನ, ಪಕ್ಕದಲ್ಲಿ ನಿಂಬೆ ಹೋಳು. ಹಿಂಡಿ ಒಂದು ಚಮಚ ಬಾಯಿಗಿಟ್ಟರೆ ಮನೆಯ ತೊವ್ವೆಗೆ ದೂರದ ದಾಯಾದಿಯಂತೆ ಇತ್ತು. ಬುಟ್ಟಿ ತುಂಬ ಬಿಸಿ ರೊಟ್ಟಿ ಇಡುತ್ತಾರೆ, ಖಾಲಿಯಾದರೆ ಕೇಳದೆಯೇ ಮತ್ತೆ ತುಂಬುತ್ತಾರೆ, ಅದಕ್ಕೆ ಲೆಕ್ಕವಿಲ್ಲ. ಇಷ್ಟಕ್ಕೂ ಐದು ಯೂರೋ ಮುಟ್ಟಲಿಲ್ಲ. ಮೇಳದೊಳಗೆ ಆ ದುಡ್ಡಿಗೆ ಆಲೂಗಡ್ಡೆ ಚಿಪ್ಸ್‌ನ ಪೊಟ್ಟಣ ಸಿಕ್ಕರೆ ಹೆಚ್ಚು. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ, ಕೆಲವರು ಮಾಂಸದ ಕಟ್ಟಿನಲ್ಲಿ ಬೇಳೆ ಬೇಯಿಸುತ್ತಾರೆ. ಇಲ್ಲಿನ ಯಜಮಾನ ನಾವು ಕೇಳಿದಾಗ ಅಡುಗೆಮನೆಗೇ ಕರೆದೊಯ್ದು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದ. ಮರುದಿನದಿಂದ ನಾವು ಬಾಗಿಲಲ್ಲಿ ಕಂಡರೆ ಮೂರು ಬಟ್ಟಲು ತಾವಾಗಿಯೇ ಬರುತ್ತಿದ್ದವು. ಸದಾನಂದಣ್ಣ ಎರಡನೆಯ ಬಟ್ಟಲು ಕೇಳದೆ ಎದ್ದದ್ದೇ ಇಲ್ಲ. ಕೊನೆಗೆ ಸಣ್ಣ ಗಾಜಿನ ಲೋಟದಲ್ಲಿ ಕಪ್ಪು ಚಹಾ, ಅದೂ ಪುಕ್ಕಟೆ. ಇಂಥ ಕಡೆ ಕಾರ್ಡ್ ನಡೆಯದು, ನಗದು ಇಟ್ಟುಕೊಳ್ಳಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಟೇಪು, ಹಗ್ಗ, ಹಣ್ಣು, ಬ್ರೆಡ್ ಎಲ್ಲ ಶನಿವಾರವೇ ತನ್ನಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ವಾಪಸು. ಅಕ್ಕಪಕ್ಕದ ಮಳಿಗೆಯವರು ಬಿಟ್ಟುಹೋದ ಬಾಟಲಿಗಳನ್ನು ಸಂಜೆ ಆಯ್ದು ನಾವು ಸೂಪಿನ ಖರ್ಚು ಸರಿದೂಗಿಸಿದ್ದುಂಟು. ನಾಚಿಕೆ ಏಕೆ?

ಸಾಮಾನಿನ ಬಗ್ಗೆ: ಗಾಳಿ ತುಂಬುವ ಬೋರ್ಡು, ಮೂರು ತುಂಡಾಗುವ ಹುಟ್ಟು ಒಂದೇ ಚೀಲದಲ್ಲಿ 23 ಕಿಲೋ ಒಳಗೆ ಬರುತ್ತವೆ. ಬ್ಯಾಟರಿ ಪಂಪ್ ಒಯ್ಯುವುದಾದರೆ ಬ್ಯಾಟರಿ 100 ವ್ಯಾಟ್-ಅವರ್ ಮೀರದಿರಲಿ, ಅದನ್ನು ಕೈಚೀಲದಲ್ಲೇ ಇಡಿ. ಫೈಬರ್‌ನ ಗಟ್ಟಿ ಬೋರ್ಡುಗಳನ್ನು ಸರಕಾಗಿ ಕಳಿಸಿ ವಾಪಸು ತರುವವರು ಉದ್ಯಮಿಗಳ ಒಕ್ಕೂಟವಾದ ಫಿಕ್ಕಿ ಕೊಡುವ ಎಟಿಎ ಕಾರ್ನೆಟ್ (ಸುಂಕ ಕಟ್ಟದೆ ಸರಕು ಒಯ್ದು ವಾಪಸು ತರುವ ಕಾಗದ) ಮಾಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಭದ್ರತಾ ಠೇವಣಿ ಇಡಬೇಕಾಗುತ್ತದೆ. ಹಂಚಿ ಮುಗಿಸುವ ಕರಪತ್ರ, ಟೀ ಶರ್ಟುಗಳು ಅದರಲ್ಲಿ ಸೇರುವುದಿಲ್ಲ.

ವೀಸಾ ಅರ್ಜಿಯನ್ನು ಪ್ರವಾಸಕ್ಕೆಂದಲ್ಲ, ವ್ಯವಹಾರಕ್ಕೆಂದೇ ಹಾಕಿ. ಮಳಿಗೆಯ ದೃಢೀಕರಣ ಪತ್ರ, 30 ಸಾವಿರ ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೋ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ದೀಪಾವಳಿ ಮುಗಿಯಲಿ ಎಂದು ಕೂತರೆ ಕ್ರಿಸ್‌ಮಸ್‌ಗೆ ಯುರೋಪಿಗೆ ಹೊರಟವರೆಲ್ಲ ನಿಮಗಿಂತ ಮುಂದೆ ಸಾಲಿನಲ್ಲಿ ನಿಂತಿರುತ್ತಾರೆ. ನವರಾತ್ರಿಗೆ ಮೊದಲೇ ದಿನಾಂಕ ಹಿಡಿದುಬಿಡಿ, ಡ್ಯೂಸ್‌ಬರ್ಗ್‌ನ ಕೋಣೆಯನ್ನೂ ಅದೇ ದಿನ.